ಏರದ ಪಿಂಚಣಿ ಹಿಡಿದು ಥಾಯ್ಲೆಂಡಿನಲ್ಲಿ ನೆಲೆಸುವುದು ಹೇಗೆ?

ಬ್ರಿಟನ್ನಿನಲ್ಲಿ ಜೀವಮಾನವಿಡೀ ದುಡಿದು, ನಿವೃತ್ತಿಯಾದ ಮೇಲೆ ಥಾಯ್ಲೆಂಡಿಗೆ ಹೋಗಿ ನೆಲೆಸುವವರು ಸಾವಿರಾರು ಮಂದಿ ಇದ್ದಾರೆ. ಅಲ್ಲಿ ಚಳಿಯ ಕಾಟವಿಲ್ಲ, ಹೀಟರ್ ಬಿಲ್ಲಿನ ಚಿಂತೆಯಿಲ್ಲ. ಊಟ ಅಗ್ಗ, ಬಾಡಿಗೆ ಕಡಿಮೆ. ಹುವಾ ಹಿನ್‌ನ ಕಡಲತೀರ, ಚಿಯಾಂಗ್ ಮಾಯ್‌ನ ಬೆಟ್ಟಗಳು, ಈಶಾನ್ಯದ ಇಸಾನ್ ಸೀಮೆಯ ಹಳ್ಳಿಗಳು, ಹೀಗೆ ಒಬ್ಬೊಬ್ಬರಿಗೆ ಒಂದೊಂದು ಊರು ಹಿಡಿಸುತ್ತದೆ. ಮೊದಲ ಒಂದೆರಡು ವರ್ಷ ಹೆಚ್ಚಿನವರಿಗೆ ಚೆನ್ನಾಗಿಯೇ ಸಾಗುತ್ತದೆ. ಕಷ್ಟ ಶುರುವಾಗುವುದು ಎಂಟು-ಹತ್ತು ವರ್ಷ ಕಳೆದ ಮೇಲೆ. ಹಾಗಾಗಿ ಮುಂದೆ ಹೇಳುವ ಒಂದೊಂದು ಲೆಕ್ಕವನ್ನೂ "ನನಗೆ 80 ದಾಟಿದಾಗಲೂ ಇದು ನಡೆಯುತ್ತಾ?" ಎಂದು ಕೇಳಿಕೊಂಡೇ ಓದಿ.

ಮೊದಲು, ಪಿಂಚಣಿ ಏರುವುದಿಲ್ಲ ಎಂಬುದನ್ನು ಒಪ್ಪಿಕೊಳ್ಳಿ

ಬ್ರಿಟನ್ನಿನ ಸರ್ಕಾರಿ ಪಿಂಚಣಿ, ಅಂದರೆ ಸ್ಟೇಟ್ ಪೆನ್ಷನ್, ಅಲ್ಲೇ ಇರುವವರಿಗೆ ಪ್ರತಿ ಏಪ್ರಿಲ್‌ನಲ್ಲಿ ಏರುತ್ತದೆ. ಬೆಲೆ ಏರಿಕೆ, ಸಂಬಳದ ಏರಿಕೆ ಅಥವಾ ಶೇ 2.5, ಈ ಮೂರರಲ್ಲಿ ಯಾವುದು ಜಾಸ್ತಿಯೋ ಅಷ್ಟು. 2023ರಲ್ಲಿ ಶೇ 10.1, 2024ರಲ್ಲಿ ಶೇ 8.5, 2025ರಲ್ಲಿ ಶೇ 4.1 ಏರಿತು. ಥಾಯ್ಲೆಂಡಿಗೆ ಹೋಗಿ ನೆಲೆಸಿದವರಿಗೆ ಇದರಲ್ಲಿ ಒಂದು ಪೆನ್ನಿಯೂ ಸಿಗುವುದಿಲ್ಲ. ಹೋದ ದಿನ ಎಷ್ಟಿತ್ತೋ, ಸಾಯುವವರೆಗೂ ಅಷ್ಟೇ.

2016ರ ಏಪ್ರಿಲ್‌ನಲ್ಲಿ ಹೊಸ ಪಿಂಚಣಿ ಶುರುವಾದಾಗ ಪೂರ್ತಿ ಮೊತ್ತ ವಾರಕ್ಕೆ 155.65 ಪೌಂಡ್ ಇತ್ತು. 2025-26ರಲ್ಲಿ ಅದು 230.25 ಪೌಂಡ್ ಆಯಿತು. ಅವತ್ತೇ ಪಿಂಚಣಿ ಪಡೆದು ಥಾಯ್ಲೆಂಡಿಗೆ ಹೋದವರ ಕೈಗೆ ಈಗಲೂ ಬರುವುದು 155.65. 2025-26ರ ಲೆಕ್ಕದಲ್ಲೇ ವರ್ಷಕ್ಕೆ ಸುಮಾರು 3,880 ಪೌಂಡ್ ಖೋತಾ. ಅಲ್ಲೇ ಉಳಿದವರೂ ಹೊರಟು ಬಂದವರೂ ದುಡಿಯುವಾಗ ಪಿಂಚಣಿಗೆಂದು ಕಟ್ಟಿದ ನ್ಯಾಷನಲ್ ಇನ್ಶೂರೆನ್ಸ್ ಕಂತು ಒಂದೇ, ದುಡಿದ ವರ್ಷಗಳೂ ಅಷ್ಟೇ.

ಬ್ರಿಟನ್ ಜೊತೆ ಈ ಬಗ್ಗೆ ಒಪ್ಪಂದ ಇರುವ ದೇಶಗಳಲ್ಲಿ ಮಾತ್ರ ಪಿಂಚಣಿ ಏರುತ್ತದೆ. ಅಮೆರಿಕ, ಯುರೋಪಿಯನ್ ಒಕ್ಕೂಟದ ದೇಶಗಳು, ಫಿಲಿಪ್ಪೀನ್ಸ್ ಆ ಪಟ್ಟಿಯಲ್ಲಿವೆ. ಥಾಯ್ಲೆಂಡ್ ಇಲ್ಲ. ಆಸ್ಟ್ರೇಲಿಯಾ, ಕೆನಡಾ, ದಕ್ಷಿಣ ಆಫ್ರಿಕಾ ಇಲ್ಲ. ಭಾರತವೂ ಇಲ್ಲ. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ದಶಕಗಟ್ಟಲೆ ದುಡಿದು ಮೈಸೂರಿಗೋ ಮಂಗಳೂರಿಗೋ ವಾಪಸಾಗುವ ನಮ್ಮ ಡಾಕ್ಟರು, ನರ್ಸುಗಳಿಗೂ ಇದೇ ಕಥೆ. ಇದು ನ್ಯಾಯವಲ್ಲ ಎಂದು ಕೋರ್ಟಿಗೆ ಹೋದವರಿದ್ದಾರೆ. ದಕ್ಷಿಣ ಆಫ್ರಿಕಾದಲ್ಲಿ ನೆಲೆಸಿದ್ದ ಆನೆಟ್ ಕಾರ್ಸನ್ ಅವರ ಪ್ರಕರಣ ಯುರೋಪಿನ ಮಾನವ ಹಕ್ಕು ನ್ಯಾಯಾಲಯದವರೆಗೂ ಹೋಯಿತು. 2010ರಲ್ಲಿ ಅಲ್ಲೂ ಸೋಲಾಯಿತು. ಕಂತು ಕಟ್ಟಿಸಿಕೊಳ್ಳುವಾಗ ಇಲ್ಲದ ಭೇದವನ್ನು ಕೊಡುವಾಗ ಮಾಡುವುದು ದೊಡ್ಡ ಅನ್ಯಾಯ ಎಂದೇ ನನಗೂ ಅನಿಸುತ್ತದೆ. ಆದರೆ ಮನೆಯ ಲೆಕ್ಕ ಹಾಕುವಾಗ ಕಾನೂನು ಇಂದಲ್ಲ ನಾಳೆ ಬದಲಾದೀತು ಎಂದು ನಂಬಿ ಕೂರಬೇಡಿ.

ಒಂದು ಸಮಾಧಾನವಿದೆ. ಹೀಗೆ ನಿಂತುಬಿಡುವುದು ಸ್ಟೇಟ್ ಪೆನ್ಷನ್ ಮಾತ್ರ. ಎನ್ಎಚ್ಎಸ್ (ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ) ನೌಕರರ ಪಿಂಚಣಿ, ಶಿಕ್ಷಕರ ಪಿಂಚಣಿಯಂಥವು ನೀವು ಎಲ್ಲಿದ್ದರೂ ಬೆಲೆ ಏರಿಕೆಗೆ ತಕ್ಕಂತೆ ಏರುತ್ತವೆ. ಆದ್ದರಿಂದ ನಿಮ್ಮ ಆದಾಯವನ್ನು ಏರುವುದು, ಏರದಿರುವುದು ಎಂದು ಎರಡು ಕಾಲಂ ಮಾಡಿ ಬರೆಯಿರಿ. ಏರುವ ಕಾಲಂ ಪೂರ್ತಿ ಖಾಲಿಯಿದ್ದರೆ, ಕೈಯಲ್ಲಿ ಒಳ್ಳೆಯ ಉಳಿತಾಯವಿಲ್ಲದೆ ಹೊರಡಬೇಡಿ.

ಎರಡನೆಯದು, ಪೌಂಡನ್ನು ಥಾಯ್ಲೆಂಡಿನ ಹಣವಾದ ಬಾಟ್ ಮಾಡಿ ನೋಡಿ

ಪಿಂಚಣಿ ನಿಂತಲ್ಲೇ ನಿಂತರೂ ವಿನಿಮಯ ದರ ನಿಲ್ಲುವುದಿಲ್ಲ. 2007ರ ಆರಂಭದಲ್ಲಿ ಒಂದು ಪೌಂಡಿಗೆ 70 ಬಾಟ್ ಆಸುಪಾಸು ಸಿಗುತ್ತಿತ್ತು. 2016ರ ಏಪ್ರಿಲ್‌ನಲ್ಲಿ ಸುಮಾರು 50. ಬ್ರೆಕ್ಸಿಟ್ ಮತದಾನದ ನಂತರ ಕುಸಿಯುತ್ತಾ ಹೋಗಿ 2019ರ ಆಗಸ್ಟ್ ಹೊತ್ತಿಗೆ 37ರ ಹತ್ತಿರ ಬಂತು. ವಾರಕ್ಕೆ 155.65 ಪೌಂಡ್ ಪಡೆಯುವವರ ಲೆಕ್ಕದಲ್ಲಿ ಹೇಳುವುದಾದರೆ, ತಿಂಗಳಿಗೆ 33,700 ಬಾಟ್ ಇದ್ದದ್ದು ಮೂರೇ ವರ್ಷದಲ್ಲಿ 25,000ಕ್ಕೆ ಇಳಿಯಿತು. ಬಾಡಿಗೆ, ಕರೆಂಟು, ಔಷಧಿ ಇಳಿಯಲಿಲ್ಲ.

ಹಾಗಾಗಿ ಇವತ್ತಿನ ದರಕ್ಕೆ ಬಜೆಟ್ ಹಾಕಬೇಡಿ. ಪೌಂಡಿಗೆ 43 ಬಾಟ್ ಸಿಗುತ್ತಿದ್ದರೆ 36 ಎಂದು ಹಿಡಿಯಿರಿ. ಆ ದರದಲ್ಲೂ ಮನೆ ನಡೆಯುವಂತಿದ್ದರೆ ಮುಂದಿನ ಹೆಜ್ಜೆ ಇಡಿ.

ವೀಸಾ: ಇಲ್ಲಿ ಬೇಕಾಗುವುದು ತಾಳ್ಮೆ ಮತ್ತು ಪಾಸ್‌ಬುಕ್

50 ವರ್ಷ ದಾಟಿದವರು ನಾನ್-ಇಮಿಗ್ರಂಟ್ ಒ ವೀಸಾದಲ್ಲಿ ಹೋಗಿ, ಅಲ್ಲಿ ನಿವೃತ್ತಿಯ ಆಧಾರದ ಮೇಲೆ ವರ್ಷ ವರ್ಷ ಅವಧಿ ವಿಸ್ತರಿಸಿಕೊಳ್ಳುವುದು ಹೆಚ್ಚು ಬಳಕೆಯಲ್ಲಿರುವ ದಾರಿ. ಶುಲ್ಕ 1,900 ಬಾಟ್. ಹಣದ ಷರತ್ತಿಗೆ ಮೂರು ದಾರಿಗಳಿವೆ. ಥಾಯ್ ಬ್ಯಾಂಕಿನಲ್ಲಿ ನಿಮ್ಮ ಹೆಸರಲ್ಲಿ 8 ಲಕ್ಷ ಬಾಟ್ ಇರಬೇಕು. ಇಲ್ಲವೇ ತಿಂಗಳಿಗೆ 65,000 ಬಾಟ್ ಆದಾಯ ತೋರಿಸಬೇಕು. ಅದೂ ಇಲ್ಲದಿದ್ದರೆ ವರ್ಷದ ಆದಾಯ ಮತ್ತು ಠೇವಣಿ ಸೇರಿ 8 ಲಕ್ಷ ಆಗಬೇಕು.

ಪೂರ್ತಿ ಸ್ಟೇಟ್ ಪೆನ್ಷನ್ ಬಂದರೂ 2025-26ರ ದರದಲ್ಲಿ ತಿಂಗಳಿಗೆ ಸುಮಾರು 998 ಪೌಂಡ್. 43ರ ದರದಲ್ಲಿ 43,000 ಬಾಟ್ ಅಷ್ಟೆ. 65,000 ತಲುಪಲು ಸಾಧ್ಯವೇ ಇಲ್ಲ. ಬೇರೆ ಪಿಂಚಣಿ ಇಲ್ಲದವರಿಗೆ ಉಳಿಯುವುದು ಠೇವಣಿಯ ದಾರಿ ಅಥವಾ ಎರಡನ್ನೂ ಕೂಡಿಸುವ ದಾರಿ.

ಆದಾಯದ ದಾರಿ ಹಿಡಿಯುವವರಿಗೆ ಮೊದಲೆಲ್ಲ ಬ್ರಿಟಿಷ್ ರಾಯಭಾರ ಕಚೇರಿ ಒಂದು ಪತ್ರ ಕೊಡುತ್ತಿತ್ತು. 2019ರಿಂದ ಅದು ನಿಂತಿದೆ. ಈಗ ಹನ್ನೆರಡು ತಿಂಗಳೂ ವಿದೇಶದಿಂದ 65,000 ಬಾಟ್ ಬಂದಿದೆ ಎಂದು ಥಾಯ್ ಬ್ಯಾಂಕಿನ ದಾಖಲೆಯಲ್ಲೇ ಕಾಣಬೇಕು. ವಿದೇಶಕ್ಕೆ ಕಳಿಸುವ ಸ್ಟೇಟ್ ಪೆನ್ಷನ್ನನ್ನು 4 ವಾರಕ್ಕೊಮ್ಮೆ ಅಥವಾ 13 ವಾರಕ್ಕೊಮ್ಮೆ ಪಡೆಯಬಹುದು. 13 ವಾರದ್ದು ತೆಗೆದುಕೊಂಡರೆ ತಿಂಗಳ ಲೆಕ್ಕ ಹೊಂದುವುದಿಲ್ಲ. ಹಣ ಕಳಿಸುವ ಆ್ಯಪ್ ಬಳಸಿದರೆ ಕೆಲವೊಮ್ಮೆ ಅದು ಥಾಯ್ಲೆಂಡಿನ ಒಳಗಿನದೇ ವರ್ಗಾವಣೆಯಂತೆ ದಾಖಲಾಗುತ್ತದೆ. ಪಾಸ್‌ಬುಕ್ಕಿನಲ್ಲಿ ವಿದೇಶಿ ವರ್ಗಾವಣೆಯ ಗುರುತು ಬಿದ್ದಿದೆಯಾ ಎಂದು ಮೊದಲ ತಿಂಗಳಲ್ಲೇ ನೋಡಿಕೊಳ್ಳಿ. ಬಿದ್ದಿಲ್ಲದಿದ್ದರೆ ಬ್ಯಾಂಕಿನ ಶಾಖೆಗೆ ಹೋಗಿ ಕೇಳಿ. ಹನ್ನೊಂದನೇ ತಿಂಗಳಲ್ಲಿ ಗೊತ್ತಾದರೆ ಸರಿಪಡಿಸುವುದು ಕಷ್ಟ.

ಠೇವಣಿಯ ದಾರಿಗೆ ತಾರೀಖುಗಳು ಮುಖ್ಯ. ಅರ್ಜಿ ಹಾಕುವ ಎರಡು ತಿಂಗಳ ಮುಂಚಿನಿಂದ 8 ಲಕ್ಷ ಇರಬೇಕು. ಮಂಜೂರಾದ ಮೇಲೂ ಮೂರು ತಿಂಗಳು ಅಷ್ಟೂ ಇರಬೇಕು. ಆಮೇಲೆ ವರ್ಷದ ಉಳಿದ ದಿನಗಳಲ್ಲಿ 4 ಲಕ್ಷಕ್ಕಿಂತ ಕೆಳಗೆ ಇಳಿಯಬಾರದು. ಇದನ್ನು ಇನ್ನೊಂದು ಸಲ ಓದಿ. ಬಹಳ ಜನ ಈ ದುಡ್ಡನ್ನೇ "ಆಸ್ಪತ್ರೆಗೆ ಇಟ್ಟಿದ್ದೇನೆ" ಎಂದು ಹೇಳುತ್ತಾರೆ. ಹಾಗೆ ಎರಡೂ ಆಗುವುದಿಲ್ಲ. ಆಸ್ಪತ್ರೆಗೆ ಎಂದು ತೆಗೆದ ದಿನವೇ ಮುಂದಿನ ವರ್ಷದ ವೀಸಾ ಕೈತಪ್ಪುವ ಸ್ಥಿತಿ ಬರುತ್ತದೆ. ವೀಸಾದ ದುಡ್ಡು ಬೇರೆ, ಆಪತ್ತಿನ ದುಡ್ಡು ಬೇರೆ.

ವಿಸ್ತರಣೆಗೆ ಹೋಗುವ ದಿನ ಬೆಳಿಗ್ಗೆ ಮೊದಲು ಬ್ಯಾಂಕಿಗೆ ಹೋಗಿ. ನೂರು ಬಾಟ್ ಹಾಕಿಯೋ ತೆಗೆದೋ ಪಾಸ್‌ಬುಕ್ಕಿನಲ್ಲಿ ಅವತ್ತಿನ ತಾರೀಖು ಬೀಳುವಂತೆ ಮಾಡಿ. ಖಾತೆ ನಿಮ್ಮದೇ ಎಂದು ಹೇಳುವ ಪತ್ರ ತೆಗೆದುಕೊಳ್ಳಿ. ಪಾಸ್‌ಬುಕ್ ಮತ್ತು ಪಾಸ್‌ಪೋರ್ಟ್ ಪುಟಗಳ ಜೆರಾಕ್ಸ್ ಮಾಡಿಸಿ, ಪ್ರತಿ ಹಾಳೆಗೂ ಸಹಿ ಹಾಕಿ. ಕೆಲವು ಕಡೆ ಮನೆಗೆ ಹೋಗುವ ದಾರಿಯ ನಕ್ಷೆಯನ್ನೂ ಕೇಳುತ್ತಾರೆ. ಊರಿಂದೂರಿಗೆ ಪದ್ಧತಿ ಬೇರೆ. ನಿಮ್ಮ ಇಮಿಗ್ರೇಷನ್ ಕಚೇರಿ ಏನು ಕೇಳುತ್ತದೆ ಎಂದು ಒಂದು ತಿಂಗಳು ಮೊದಲೇ ಹೋಗಿ ವಿಚಾರಿಸಿ.

ಉಳಿದದ್ದು ಚಿಕ್ಕ ಕೆಲಸ, ಆದರೆ ತಪ್ಪುವ ಹಾಗಿಲ್ಲ. 90 ದಿನಕ್ಕೊಮ್ಮೆ ವಿಳಾಸ ವರದಿ ಮಾಡಬೇಕು, ತಪ್ಪಿದರೆ 2,000 ಬಾಟ್ ದಂಡ. ದೇಶದಿಂದ ಹೊರಗೆ ಹೋಗುವ ಮುಂಚೆ ಮರುಪ್ರವೇಶದ ಪರವಾನಗಿ ಪಡೆಯಿರಿ. ಒಂದು ಸಲಕ್ಕೆ 1,000 ಬಾಟ್. ಅದಿಲ್ಲದೆ ಗಡಿ ದಾಟಿದರೆ ಇಡೀ ವರ್ಷದ ವಿಸ್ತರಣೆ ರದ್ದು. ಅವಧಿ ಮೀರಿ ಉಳಿದರೆ ದಿನಕ್ಕೆ 500 ಬಾಟ್. ಇನ್ನು, ಈ ವೀಸಾದಲ್ಲಿ ಕೆಲಸ ಮಾಡುವ ಹಾಗಿಲ್ಲ. ಸಾಲದ್ದಕ್ಕೆ ಅಲ್ಲೇ ಸ್ವಲ್ಪ ದುಡಿಯುತ್ತೇನೆ ಎಂಬ ಯೋಚನೆಯನ್ನು ಬಿಟ್ಟುಬಿಡಿ.

ಊರು, ಮನೆ, ತಿಂಗಳ ಖರ್ಚು

ಫುಕೆಟ್, ಸಮುಯಿ ದ್ವೀಪಗಳು ದುಬಾರಿ. ಉಡಾನ್ ಥಾನಿ, ಖೋನ್ ಕೇನ್‌ನಂಥ ಇಸಾನ್ ಊರುಗಳಲ್ಲಿ ಅದೇ ದುಡ್ಡಿಗೆ ಎಷ್ಟೋ ನೆಮ್ಮದಿಯಾಗಿ ಇರಬಹುದು. ಚಿಯಾಂಗ್ ಮಾಯ್ ಚೆಂದದ ಊರು. ಆದರೆ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೊಲ, ಕಾಡು ಸುಡುವ ಹೊಗೆ ಕವಿದಿರುತ್ತದೆ. ಉಬ್ಬಸ ಇದ್ದವರು ಆ ತಿಂಗಳಲ್ಲೇ ಒಮ್ಮೆ ಹೋಗಿ ಇದ್ದು ನೋಡಬೇಕು.

ಮನೆ ಕೊಳ್ಳುವ ಆತುರ ಬೇಡ. ವಿದೇಶಿಯರು ಜಮೀನು ಕೊಳ್ಳುವಂತಿಲ್ಲ. ಅಪಾರ್ಟ್‌ಮೆಂಟ್ ಕೊಳ್ಳಬಹುದು, ಆದರೆ ಕಟ್ಟಡದ ಒಟ್ಟು ವಿಸ್ತೀರ್ಣದ ಶೇ 49 ಮಾತ್ರ ವಿದೇಶಿಯರ ಹೆಸರಲ್ಲಿರಬಹುದು. ಥಾಯ್ ಹೆಂಡತಿಯ ಹೆಸರಲ್ಲಿ ಜಾಗ ಕೊಂಡು ಇದ್ದ ಉಳಿತಾಯವನ್ನೆಲ್ಲ ಸುರಿಯುವವರಿದ್ದಾರೆ. ಸಂಸಾರ ಎಷ್ಟೇ ಚೆನ್ನಾಗಿರಲಿ, ಕಾನೂನಿನ ಪ್ರಕಾರ ಆ ನೆಲ ನಿಮ್ಮದಲ್ಲ. ಏರದ ಪಿಂಚಣಿಯವರಿಗೆ ಬಾಡಿಗೆ ಮನೆಯೇ ವಾಸಿ. ಕೈಯಲ್ಲಿ ದುಡ್ಡೂ ಉಳಿಯುತ್ತದೆ, ಬೇಡವೆನಿಸಿದರೆ ಬಿಟ್ಟು ಹೊರಡಲೂ ಬಹುದು.

ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು ಕರೆಂಟಿನ ದರ ಕೇಳಿ. ಸರ್ಕಾರಿ ದರ ಯೂನಿಟ್ಟಿಗೆ 4 ಬಾಟ್ ಆಸುಪಾಸು. ಎಷ್ಟೋ ಮಾಲೀಕರು 7-8 ಬಾಟ್ ಹಾಕುತ್ತಾರೆ. ಏಪ್ರಿಲ್ ಸೆಕೆಯಲ್ಲಿ ರಾತ್ರಿಯಿಡೀ ಏಸಿ ಓಡಿದರೆ ಈ ಒಂದೇ ವ್ಯತ್ಯಾಸ ಸಾವಿರಾರು ಬಾಟ್ ಆಗುತ್ತದೆ. ಮೀಟರ್ ವಿದ್ಯುತ್ ಇಲಾಖೆಯದೋ ಮಾಲೀಕರದೋ ಎಂದು ನೋಡಿ. ನೀವು ಉಳಿದುಕೊಂಡ ಬಗ್ಗೆ ಟಿಎಂ30 ಫಾರಂ ತುಂಬಬೇಕಾದವರು ಮಾಲೀಕರೇ. ಅದಕ್ಕೆ ಅವರು ಒಪ್ಪುತ್ತಾರಾ ಎಂದೂ ಆಗಲೇ ಕೇಳಿ.

ಊಟದಲ್ಲಿ ಉಳಿತಾಯ ಸುಲಭ. ಬೀದಿ ಬದಿಯ ಅಂಗಡಿಯಲ್ಲಿ ಅನ್ನ, ಒಂದು ಪಲ್ಯ ಅಥವಾ ಸಾರಿಗೆ 50-60 ಬಾಟ್. ಚೆಡ್ಡರ್ ಚೀಸ್, ಬೇಕನ್, ಬ್ರಿಟಿಷ್ ಬಿಸ್ಕತ್ತು ಬೇಕೇ ಬೇಕು ಎನ್ನುವವರ ಬಿಲ್ ಲಂಡನ್ನಿನ ಬಿಲ್ಲನ್ನೂ ಮೀರಬಹುದು. ಬ್ರಿಟನ್ನಿನ ಕಾರ್ಡಿನಿಂದ ಎಟಿಎಂನಲ್ಲಿ ದುಡ್ಡು ತೆಗೆದರೆ ಪ್ರತಿ ಸಲ 200 ಬಾಟ್‌ಗಿಂತ ಜಾಸ್ತಿ ಶುಲ್ಕ ಹೋಗುತ್ತದೆ. ಅದು ಸುಮ್ನೆ ದಂಡ. ಥಾಯ್ ಖಾತೆಗೆ ಒಟ್ಟಿಗೆ ತರಿಸಿಕೊಂಡು ಅದರಿಂದಲೇ ಖರ್ಚು ಮಾಡಿ.

ಆರೋಗ್ಯ: ಇಲ್ಲಿ ಜಿಪುಣತನ ಬೇಡ

ಬ್ರಿಟನ್ ಬಿಟ್ಟು ಬೇರೆಡೆ ನೆಲೆಸಿದರೆ ಎನ್ಎಚ್ಎಸ್‌ನ ಉಚಿತ ಚಿಕಿತ್ಸೆಯ ಹಕ್ಕು ಹೋಗುತ್ತದೆ. ಅದು ಕಂತು ಕಟ್ಟಿದವರಿಗೆ ಕೊಡುವುದಲ್ಲ, ಅಲ್ಲಿ ವಾಸವಿರುವವರಿಗೆ ಕೊಡುವುದು. ಥಾಯ್ಲೆಂಡಿನ 30 ಬಾಟ್ ಆರೋಗ್ಯ ಯೋಜನೆ ಥಾಯ್ ಪ್ರಜೆಗಳಿಗೆ. ಅಂದರೆ ಎರಡೂ ಕಡೆ ನೀವು ಹೊರಗಿನವರು.

ಒ-ಎ ಎಂಬ ಇನ್ನೊಂದು ನಿವೃತ್ತಿ ವೀಸಾಕ್ಕೆ 30 ಲಕ್ಷ ಬಾಟ್‌ನ ವಿಮೆ ಕಡ್ಡಾಯ. ಒ ವೀಸಾದ ವಿಸ್ತರಣೆಗೆ ವಿಮೆ ಕೇಳುವುದಿಲ್ಲ. ಕೇಳುವುದಿಲ್ಲ ಎಂಬ ಕಾರಣಕ್ಕೇ ಎಷ್ಟೋ ಜನ ವಿಮೆ ಮಾಡಿಸುವುದಿಲ್ಲ. ದಯವಿಟ್ಟು ಹಾಗೆ ಮಾಡಬೇಡಿ. 70 ದಾಟಿದ ಮೇಲೆ ಹೊಸದಾಗಿ ವಿಮೆ ಸಿಗುವುದು ಕಷ್ಟ. ಮೊದಲೇ ಇರುವ ಕಾಯಿಲೆಗಳನ್ನು ಹೊರಗಿಡುತ್ತಾರೆ. ಕಂತು ವಯಸ್ಸಿನೊಂದಿಗೆ ಏರುತ್ತಲೇ ಹೋಗುತ್ತದೆ. ಆದ್ದರಿಂದ 60ರ ಆಸುಪಾಸಿನಲ್ಲೇ ಪಾಲಿಸಿ ತೆಗೆದುಕೊಳ್ಳಿ. ಏಜೆಂಟರ ಹತ್ತಿರ 75 ಮತ್ತು 80ನೇ ವಯಸ್ಸಿನ ಕಂತು ಇವತ್ತಿನ ದರದಲ್ಲಿ ಎಷ್ಟು ಎಂದು ಬರೆಸಿಕೊಳ್ಳಿ. ನಿಮ್ಮ ಬಜೆಟ್ಟಿನಲ್ಲಿ ಎಲ್ಲಕ್ಕಿಂತ ಮುಖ್ಯವಾದ ಅಂಕಿ ಅದೇ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಹೆಸರು ನೋಂದಾಯಿಸಿ ಕಾರ್ಡ್ ಮಾಡಿಸಿಡಿ. ಕಾಯುವುದು ಜಾಸ್ತಿ, ಆದರೆ ಖಾಸಗಿ ಆಸ್ಪತ್ರೆಗಿಂತ ಖರ್ಚು ಎಷ್ಟೋ ಕಡಿಮೆ.

ಸ್ಕೂಟರ್ ಓಡಿಸುವುದಿದ್ದರೆ ಥಾಯ್ ಲೈಸೆನ್ಸ್ ಪಡೆದು, ಹೆಲ್ಮೆಟ್ ಹಾಕಿಯೇ ಓಡಿಸಿ. ರಸ್ತೆ ಸಾವಿನಲ್ಲಿ ಥಾಯ್ಲೆಂಡ್ ಜಗತ್ತಿನಲ್ಲೇ ಮುಂಚೂಣಿಯಲ್ಲಿದೆ, ಸಾಯುವವರಲ್ಲಿ ಹೆಚ್ಚಿನವರು ದ್ವಿಚಕ್ರ ವಾಹನದವರು. ಲೈಸೆನ್ಸ್ ಇಲ್ಲದಿದ್ದರೆ ವಿಮೆಯವರು ಕೈ ಎತ್ತಿಬಿಡುತ್ತಾರೆ. ರಾಯಭಾರ ಕಚೇರಿ ಆಸ್ಪತ್ರೆ ಬಿಲ್ ಕಟ್ಟುವುದಿಲ್ಲ.

ತೆರಿಗೆ ಮತ್ತು ಕಾಗದಪತ್ರ

ವರ್ಷದಲ್ಲಿ 180 ದಿನ ಅಥವಾ ಜಾಸ್ತಿ ಇದ್ದರೆ ನೀವು ಥಾಯ್ ತೆರಿಗೆ ನಿವಾಸಿ. 2024ರ ಜನವರಿ 1ರ ನಂತರ ಗಳಿಸಿ ಅಲ್ಲಿಗೆ ತರಿಸಿಕೊಂಡ ಆದಾಯ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ಗಾಬರಿ ಬೇಡ. ಸ್ವಂತಕ್ಕೆ 60,000, 65 ದಾಟಿದವರಿಗೆ 1.9 ಲಕ್ಷ, ಪಿಂಚಣಿಯ ಮೇಲೆ ಗರಿಷ್ಠ 1 ಲಕ್ಷ ವಿನಾಯಿತಿ ಇದೆ. ಮೊದಲ 1.5 ಲಕ್ಷಕ್ಕೆ ತೆರಿಗೆಯೇ ಇಲ್ಲ. ಒಟ್ಟು 5 ಲಕ್ಷ ಬಾಟ್. ಬರೀ ಸ್ಟೇಟ್ ಪೆನ್ಷನ್ ಇರುವವರಿಗೆ ಹೆಚ್ಚೇನೂ ಬೀಳುವುದಿಲ್ಲ. ಬೇರೆ ಪಿಂಚಣಿಯೂ ಇರುವವರು ಒಬ್ಬ ಲೆಕ್ಕಿಗರನ್ನು ಕಾಣುವುದು ಒಳ್ಳೆಯದು.

ನೀವು ಬದುಕಿದ್ದೀರಿ ಎಂದು ತಿಳಿಸುವ ಜೀವಂತ ಪ್ರಮಾಣಪತ್ರ ಬ್ರಿಟನ್ನಿನಿಂದ ಅಂಚೆಯಲ್ಲಿ ಬರುತ್ತದೆ. ಸಾಕ್ಷಿಯ ಸಹಿ ಹಾಕಿಸಿ 16 ವಾರದೊಳಗೆ ವಾಪಸು ಕಳಿಸದಿದ್ದರೆ ಪಿಂಚಣಿ ನಿಂತುಹೋಗುತ್ತದೆ. ಮನೆ ಬದಲಿಸಿದ ವಾರವೇ ಪಿಂಚಣಿ ಕಚೇರಿಗೆ ಹೊಸ ವಿಳಾಸ ತಿಳಿಸಿ. ಥಾಯ್ಲೆಂಡಿನ ಆಸ್ತಿ, ಬ್ಯಾಂಕ್ ಖಾತೆಗಳಿಗೆ ಅಲ್ಲಿನ ಭಾಷೆಯಲ್ಲೇ ಪ್ರತ್ಯೇಕ ಉಯಿಲು ಬರೆಸಿಡಿ. ಇಲ್ಲದಿದ್ದರೆ ನಿಮ್ಮ ನಂತರ ಮನೆಯವರು ಆ ದುಡ್ಡಿಗಾಗಿ ಕೋರ್ಟಿಗೆ ಅಲೆಯಬೇಕಾಗುತ್ತದೆ.

ವಾಪಸಾಗುವ ದಾರಿಯನ್ನು ಮುಚ್ಚಬೇಡಿ

ಬ್ರಿಟನ್ನಿಗೆ ಕಾಯಂ ಆಗಿ ಮರಳಿದರೆ ಪಿಂಚಣಿ ಅವತ್ತಿನ ಪೂರ್ತಿ ದರಕ್ಕೆ ಏರುತ್ತದೆ. ಸುಮ್ನೆ ನೋಡಿಕೊಂಡು ಬರಲು ಹೋದರೂ, ಅಲ್ಲಿರುವಷ್ಟು ದಿನಕ್ಕೆ ಏರಿದ ದರ ಕೇಳಿ ಪಡೆಯಬಹುದು. ನೆಲೆಸುವ ಉದ್ದೇಶದಿಂದ ಮರಳಿದವರಿಗೆ ಎನ್ಎಚ್ಎಸ್ ಚಿಕಿತ್ಸೆಯೂ ಮತ್ತೆ ಸಿಗುತ್ತದೆ. ಆದರೆ ಬಡ ಪಿಂಚಣಿದಾರರಿಗೆ ಕೊಡುವ ಪೆನ್ಷನ್ ಕ್ರೆಡಿಟ್, ಬಾಡಿಗೆ ನೆರವು ಮೊದಲ ದಿನವೇ ಸಿಗುವುದಿಲ್ಲ. ನೀವು ನಿಜವಾಗಿಯೂ ಅಲ್ಲೇ ನೆಲೆಸಿದ್ದೀರಾ ಎಂದು ಮೊದಲು ಪರಿಶೀಲಿಸುತ್ತಾರೆ. ಅದಕ್ಕೆ ಮೂರ್ನಾಲ್ಕು ತಿಂಗಳ ಬಾಡಿಗೆ, ಊಟ ಮತ್ತು ಒಂದು ವಿಮಾನ ಟಿಕೆಟ್ಟಿಗೆ ಆಗುವಷ್ಟು ಹಣವನ್ನು ಪೌಂಡಿನಲ್ಲೇ ಬ್ರಿಟನ್ನಿನ ಖಾತೆಯಲ್ಲಿ ಇಡಿ. ಕೆಲವು ಬ್ಯಾಂಕುಗಳು ವಿದೇಶದಲ್ಲಿ ನೆಲೆಸಿದವರ ಖಾತೆ ಮುಚ್ಚುತ್ತವೆ. ಹೊರಡುವ ಮೊದಲೇ ಹೋಗಿ ವಿಚಾರಿಸಿ, ಮುಂದುವರಿಸುವ ಬ್ಯಾಂಕಿಗೆ ಖಾತೆ ಬದಲಿಸಿಕೊಳ್ಳಿ. ವಿಮೆಯ ಕಂತು ತಿಂಗಳ ಪಿಂಚಣಿಯ ಮೂರನೇ ಒಂದು ಭಾಗ ದಾಟಿದ ವರ್ಷ, ಅಥವಾ ಠೇವಣಿಯನ್ನು 8 ಲಕ್ಷಕ್ಕೆ ತುಂಬಿಸಲು ಸಾಲ ಕೇಳಬೇಕಾಗಿ ಬಂದ ವರ್ಷ, ಈ ಹಣ ತೆಗೆದು ಟಿಕೆಟ್ ಮಾಡಿಸಿ. ಒಬ್ಬರೇ ಓಡಾಡುವ ಶಕ್ತಿ ಇರುವಾಗಲೇ ಹೊರಟರೆ ಮನೆ ಹುಡುಕುವುದು, ಡಾಕ್ಟರ ಬಳಿ ಹೆಸರು ಬರೆಸುವುದು ಎಲ್ಲವನ್ನೂ ನೀವೇ ಮಾಡಿಕೊಳ್ಳಬಹುದು.