ಡಯಾಲಿಸಿಸ್ ನಡೆಯುವ ಮನೆಯಲ್ಲಿ ಪ್ರಾರ್ಥನೆ: ನನ್ನ ಅನುಭವ

ಕಿಡ್ನಿ ಕೈಕೊಟ್ಟ ಮನೆಯ ಕಷ್ಟ ಒಂದು ದಿನ ಬಂದು ಹೋಗುವಂಥದ್ದಲ್ಲ. ಯಂತ್ರದಿಂದ ರಕ್ತ ಶುದ್ಧಿ ಮಾಡಿಸುವ ಡಯಾಲಿಸಿಸ್ ವಾರಕ್ಕೆ ಎರಡೋ ಮೂರೋ ಸಲ, ಪ್ರತಿ ಸಲ ನಾಲ್ಕು ತಾಸು, ಹೀಗೆ ವರ್ಷಗಟ್ಟಲೆ ನಡೆಯುತ್ತದೆ. ಮೊದಲ ವಾರ ಚರ್ಚಿನ ಅರ್ಧ ಸಭೆಯೇ ಮನೆಯಲ್ಲಿರುತ್ತದೆ. ಆರು ತಿಂಗಳು ಕಳೆದರೆ ಉಳಿಯುವವರು ಮನೆಮಂದಿ ಮಾತ್ರ. ದೇವರ ಮೇಲಿನ ಭರವಸೆ ನಿಜವಾಗಿ ಅಲ್ಲಾಡುವುದು ಆಗ. ಆ ಹೊತ್ತಿನಲ್ಲಿ ಉತ್ಸಾಹವನ್ನು ನಂಬಿ ಕೂತವರು ಬೇಗ ಸೋಲುತ್ತಾರೆ, ಸಣ್ಣದಾದರೂ ಒಂದು ಕ್ರಮ ಇಟ್ಟುಕೊಂಡವರು ತಾಳುತ್ತಾರೆ. ರೋಗಿಯ ಪಕ್ಕದಲ್ಲಿ ಕೂರುವವನಾಗಿ ನಾನು ಪಾಲಿಸುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಮೊದಲು ಹಿಡಿಯುವುದು ಸತ್ಯವೇದದ (ಬೈಬಲಿನ) ಗೋಳಿನ ಕೀರ್ತನೆಗಳನ್ನು. 150 ಕೀರ್ತನೆಗಳಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಇಂಥವೇ, ಆದರೆ ನಮ್ಮ ಕುಟುಂಬ ಪ್ರಾರ್ಥನೆಗಳಲ್ಲಿ 23, 91, 121 ಬಿಟ್ಟು ಬೇರೆ ಬಾಯಿಗೆ ಬರುವುದೇ ಅಪರೂಪ. ಕಲಿಯಲು ಸುಲಭವಾದದ್ದು 13ನೇ ಕೀರ್ತನೆ. ಆರೇ ವಚನ. ಮೊದಲೆರಡು ವಚನಗಳಲ್ಲಿ ದಾವೀದ 'ಇನ್ನೆಷ್ಟು ಕಾಲ' ಎಂದು ನಾಲ್ಕು ಸಲ ಕೇಳುತ್ತಾನೆ. ಮುಂದಿನ ಎರಡರಲ್ಲಿ ಬೇಡಿಕೆ, ಕೊನೆಯ ಎರಡರಲ್ಲಿ ಭರವಸೆ ಮತ್ತು ಹಾಡು. ಇದನ್ನು ಗಟ್ಟಿಯಾಗಿ, ನಿಧಾನವಾಗಿ ಓದುತ್ತೇನೆ. ಎರಡನೇ ವಚನ ಮುಗಿದ ಮೇಲೆ ನಿಲ್ಲಿಸಿ ಆ ದಿನದ ದೂರನ್ನು ನನ್ನದೇ ಮಾತಿನಲ್ಲಿ ಸೇರಿಸುತ್ತೇನೆ: ರಕ್ತದಲ್ಲಿ ಕ್ರಿಯಾಟಿನಿನ್ ಎಂಬ ಕಲ್ಮಶ ಮತ್ತೆ ಏರಿದೆ, ರಾತ್ರಿ ನಿದ್ದೆ ಇಲ್ಲ, ಔಷಧಿ ಅಂಗಡಿಯ ಬಾಕಿ ಹಾಗೇ ಇದೆ. ನಾಲ್ಕನೆಯದು ಮುಗಿದ ಮೇಲೆ ಒಂದೇ ಒಂದು ಬೇಡಿಕೆ, ಅದೂ ಇವತ್ತಿಗೆ ಸಂಬಂಧಪಟ್ಟದ್ದು. 'ಪೂರ್ತಿ ಗುಣಪಡಿಸು' ಎಂಬ ಪ್ರಾರ್ಥನೆಗೆ ಬೇರೆ ಹೊತ್ತಿದೆ. ಈ ಹೊತ್ತಿನ ಬೇಡಿಕೆ 'ಇವತ್ತು ಬಿ.ಪಿ. ಬೀಳದಿರಲಿ' ಎನ್ನುವಷ್ಟು ಚಿಕ್ಕದಾಗಿರಬೇಕು. ಎಲ್ಲ ಸೇರಿ ಐದು ನಿಮಿಷ ಸಾಕು.

ಹೆಚ್ಚಿನವರು ಎಡವುವುದು ಎಲ್ಲಿ ಅಂದರೆ, ದೂರು ಹೇಳಲು ಅಂಜಿ ನೇರವಾಗಿ ಐದನೇ ವಚನಕ್ಕೆ ಹಾರುತ್ತಾರೆ. ದೇವರ ಮುಂದೆ ಗೊಣಗಿದರೆ ಅಪನಂಬಿಕೆ ಎಂಬ ಭಯ. ಆಗ ಒಳಗಿನ ಸಿಟ್ಟು ಎಲ್ಲಿಗೂ ಹೋಗುವುದಿಲ್ಲ, ಮನೆಯವರ ಮೇಲೆ, ನರ್ಸಮ್ಮನ ಮೇಲೆ ಹೊರಬರುತ್ತದೆ. ಕರ್ತನು ಶಿಲುಬೆಯ ಮೇಲೆ 22ನೇ ಕೀರ್ತನೆಯ ಮೊದಲ ಮಾತನ್ನೇ ಕೂಗಿದ ಮೇಲೆ ನಮಗೇಕೆ ಆ ಸಂಕೋಚ? ಇನ್ನೊಂದು ಕಡೆ, ಕೊನೆಗೆ ಬಲವಂತವಾಗಿ ಸ್ತೋತ್ರ ಹೇಳಿಯೇ ಮುಗಿಸಬೇಕು ಎಂಬ ಹಟವೂ ಬೇಡ. ಹೇಮಾನನ ಹೆಸರಿನಲ್ಲಿರುವ 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಸಮಾಧಾನದ ಸಾಲು ಬರುವುದೇ ಇಲ್ಲ. ಹಾಗಿದ್ದೂ ಅದು ಪ್ರಾರ್ಥನೆಯೇ, ಸತ್ಯವೇದದಲ್ಲೇ ಇದೆ. ತೀರಾ ಕೆಟ್ಟ ದಿನಗಳಿಗೆ ನಾನು ಅದನ್ನು ಮೀಸಲಿಟ್ಟಿದ್ದೇನೆ.

ಡಯಾಲಿಸಿಸ್ ದಿನಗಳಿಗೆ 13, 42, 130. 42ರಲ್ಲಿ 'ನನ್ನ ಮನವೇ, ಯಾಕೆ ಕುಗ್ಗಿಹೋಗಿದ್ದೀ' ಎಂಬ ಅರ್ಥದ ಪಲ್ಲವಿ ಎರಡು ಸಲ ಬರುತ್ತದೆ, 43ರಲ್ಲಿ ಮತ್ತೊಮ್ಮೆ, ಆದ್ದರಿಂದ ಎರಡನ್ನೂ ಒಟ್ಟಿಗೇ ಓದುವುದು ಒಳ್ಳೆಯದು. 130 ಬೆಳಗ್ಗಿನ ಮೊದಲ ಶಿಫ್ಟ್‌ಗೆ ಹೇಳಿ ಮಾಡಿಸಿದ್ದು. ಬೆಳಗಾಗುವುದನ್ನೇ ಕಾಯುವ ಕಾವಲುಗಾರರ ಮಾತು ಅದರಲ್ಲಿದೆ, ನಸುಕಿನಲ್ಲಿ ಆಸ್ಪತ್ರೆ ಬಾಗಿಲು ತೆರೆಯಲು ಕಾದವರಿಗೆ ವಿವರಣೆ ಬೇಕಿಲ್ಲ. ಬಿಡುವಿನ ದಿನಗಳಿಗೆ 103 ಅಥವಾ 121. ಸಭೆಯಲ್ಲಿ ಎಲ್ಲರೂ ಚೆನ್ನಾಗಿರುವುದನ್ನು ಕಂಡು ಹೊಟ್ಟೆ ಉರಿದ ಭಾನುವಾರಕ್ಕೆ ಆಸಾಫನ 73.

ಆಸ್ಪತ್ರೆಯ ಮಂಚದಲ್ಲಿ ಇದೆಲ್ಲ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಫಿಸ್ಟುಲಾ (ಡಯಾಲಿಸಿಸ್‌ಗಾಗಿ ರಕ್ತನಾಳಗಳನ್ನು ಜೋಡಿಸಿದ ಜಾಗ) ಇರುವ, ಸೂಜಿ ಹಾಕಿದ ಕೈಯನ್ನು ಅಲ್ಲಾಡಿಸುವಂತಿಲ್ಲ, ಹಾಗಾಗಿ ದಪ್ಪ ಸತ್ಯವೇದ ಹಿಡಿದು ಹಾಳೆ ತಿರುಗಿಸಲು ಆಗುವುದಿಲ್ಲ. ಆ ದಿನದ ಕೀರ್ತನೆಯಿಂದ ಏಳೆಂಟು ಸಾಲುಗಳನ್ನು ಅಂಗೈ ಅಗಲದ ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಕೊಡುತ್ತೇನೆ. ಓದುವುದು ಮೊದಲ ಒಂದು ತಾಸಿನೊಳಗೆ ಮುಗಿಯಬೇಕು. ಮೈಯಿಂದ ನೀರು ತೆಗೆಯುತ್ತಾ ಹೋದಂತೆ ಕೊನೆಯ ಭಾಗದಲ್ಲಿ ಬಿ.ಪಿ. ಇಳಿಯುವುದು, ಕಾಲು ಸೆಳೆತ, ತಲೆಸುತ್ತು ಸಾಮಾನ್ಯ, ಆಗ ಅಕ್ಷರ ಕಣ್ಣಿಗೆ ನಿಲ್ಲುವುದಿಲ್ಲ. ಆ ಹೊತ್ತಿಗೆ ಮೊಬೈಲಿನಲ್ಲಿ ಓದಿದ ಕೀರ್ತನೆ ಕೇಳಬಹುದು. ಇಯರ್‌ಫೋನ್ ವೈರು ಯಂತ್ರದ ಟ್ಯೂಬಿನ ಕಡೆ ಹೋಗದಂತೆ ಇನ್ನೊಂದು ಮಗ್ಗುಲಿಂದ ತರಬೇಕು. ಅದೂ ಬೇಡ ಅನ್ನಿಸಿದಾಗ 'ಕರ್ತನೇ, ಕರುಣಿಸು' ಎಂಬ ಎರಡು ಮಾತು, ಉಸಿರು ಎಳೆಯುವಾಗ ಒಂದು, ಬಿಡುವಾಗ ಇನ್ನೊಂದು. ಪಕ್ಕದ ಮಂಚದಲ್ಲಿ ಬೇರೆ ಧರ್ಮದವರು, ನಿದ್ದೆಗೆಟ್ಟವರು ಇರುತ್ತಾರೆ. ವಾರ್ಡಿನಲ್ಲಿ ಏರುದನಿಯ ಪ್ರಾರ್ಥನೆ ಮಾಡಿಸುವುದು ಸಾಕ್ಷಿಯಲ್ಲ, ತೊಂದರೆ.

ಮನೆಗೆ ಒಂದು 200 ಪುಟದ ನೋಟ್‌ಬುಕ್ ಬೇಕು. ಎಡಪುಟದಲ್ಲಿ ತಾರೀಖು, ಡಯಾಲಿಸಿಸ್‌ಗೆ ಮೊದಲಿನ ತೂಕ, ಆಮೇಲಿನ ತೂಕ, ಬಿ.ಪಿ. ಬಲಪುಟದಲ್ಲಿ ಆ ದಿನದ ದೂರು ಒಂದು ಸಾಲು, ಬೇಡಿಕೆ ಒಂದು ಸಾಲು, ಮತ್ತು ಆ ದಿನ ಯಾರ ಕೈಯಿಂದ ಏನು ದೊರೆಯಿತು ಎಂಬುದು ಒಂದು ಸಾಲು. ಕೃತಜ್ಞತೆ ಎಂಬ ದೊಡ್ಡ ಮಾತು ಅಲ್ಲಿ ಬೇಡ. 'ಸೂಜಿ ಒಂದೇ ಸಲಕ್ಕೆ ಸರಿಯಾಗಿ ಹಾಕಿದರು' ಎಂದರೆ ಸಾಕು. ಡಾಕ್ಟರೂ ಆ ಪುಸ್ತಕ ನೋಡುತ್ತಾರೆ, ನೋಡಲಿ. ತಿಂಗಳಿಗೊಮ್ಮೆ ಹಿಂದಕ್ಕೆ ತಿರುವಿ, ನೆರವೇರಿದ ಬೇಡಿಕೆಗೆ ತಾರೀಖು ಹಾಕುತ್ತೇನೆ. ನೆರವೇರದ್ದನ್ನು ಹಾಗೇ ಬಿಡುತ್ತೇನೆ, ಅದಕ್ಕೊಂದು ಅರ್ಥ ಹೊಲಿಯಲು ಹೋಗುವುದಿಲ್ಲ.

ಇನ್ನು ವಾಗ್ದಾನದ ವಚನಗಳು. ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ಎತ್ತಿಕೊಂಡ ವಚನದ ಕಾರ್ಡು ವರ್ಷವಿಡೀ ಫ್ರಿಜ್ಜಿನ ಮೇಲೆ ಇರುತ್ತದೆ, ಅದರ ಜೊತೆಗೆ ಬೆಳಗಾದರೆ ವಾಟ್ಸಾಪಿನಲ್ಲಿ ಹತ್ತು ಬರುತ್ತವೆ. ವಚನದ ತಪ್ಪೇನಿಲ್ಲ, ಅದನ್ನು ಅಧ್ಯಾಯದಿಂದ ಕಿತ್ತು ತೆಗೆದಾಗ ತೊಂದರೆ. ಯೆರೆಮೀಯ 29:11ರಲ್ಲಿ ಒಳ್ಳೆಯ ಭವಿಷ್ಯದ ಮಾತಿದೆ ಸರಿ, ಆದರೆ ಅದರ ಹಿಂದಿನ ವಚನ ಬಾಬೆಲಿನಲ್ಲಿ 70 ವರ್ಷ ಎನ್ನುತ್ತದೆ. ಅದು ಬಾಬೆಲಿಗೆ ಸೆರೆಹೋದವರಿಗೆ ಯೆರೆಮೀಯ ಬರೆದ ಪತ್ರ, ಅದನ್ನು ಕೇಳಿಸಿಕೊಂಡ ಹಿರಿಯರಲ್ಲಿ ಬಹುಮಂದಿ ಊರಿಗೆ ಮರಳುವುದನ್ನು ಕಾಣಲಾರರು. ಅವರಿಗೆ ಬಂದ ಅಪ್ಪಣೆ ಮನೆ ಕಟ್ಟಿ, ತೋಟ ಮಾಡಿ, ಇರುವ ಪಟ್ಟಣದ ಒಳಿತಿಗಾಗಿ ಪ್ರಾರ್ಥಿಸಿ ಎಂಬುದು. 'ತಾಳಲಾರದಷ್ಟು ಭಾರ ದೇವರು ಹಾಕುವುದಿಲ್ಲ' ಎಂದು ಹೇಳುವವರು ಆಧಾರಕ್ಕೆ 1 ಕೊರಿಂಥ 10:13 ತೋರಿಸುತ್ತಾರೆ. ಅಲ್ಲಿರುವುದು ಶೋಧನೆಯ, ಅಂದರೆ ಪಾಪಕ್ಕೆ ಎಳೆಯುವ ಪರೀಕ್ಷೆಯ ಮಾತು, ರೋಗದ ಭಾರದ ಮಾತಲ್ಲ. ಏಷ್ಯದಲ್ಲಿ ತನಗೆ ಶಕ್ತಿಮೀರಿದ ಭಾರ ಬಂದು ಬದುಕುವ ಆಸೆಯನ್ನೇ ಬಿಟ್ಟಿದ್ದೆವು ಎಂದು ಅದನ್ನು ಬರೆದ ಅಪೊಸ್ತಲ ಪೌಲನೇ 2 ಕೊರಿಂಥ 1:8ರಲ್ಲಿ ಬರೆಯುತ್ತಾನೆ. ಯಾವ ವಚನವನ್ನಾದರೂ ಗೋಡೆಗೆ ಅಂಟಿಸುವ ಮೊದಲು ಅದರ ಇಡೀ ಅಧ್ಯಾಯವನ್ನು ಒಮ್ಮೆ ಓದುವುದು ನಮ್ಮ ಮನೆಯ ನಿಯಮ.

ಉಪವಾಸ ಪ್ರಾರ್ಥನೆಯ ವಿಷಯದಲ್ಲಿ ನಾನು ಕಟ್ಟುನಿಟ್ಟು. ರೋಗಿ ಉಪವಾಸ ಮಾಡುವಂತಿಲ್ಲ, ಅದರಲ್ಲೂ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಬಿಟ್ಟರೆ ಸಕ್ಕರೆ ಇಳಿದು ಪ್ರಜ್ಞೆ ತಪ್ಪಬಹುದು. ಮಾಡಲೇಬೇಕೆಂದರೆ ಆರೋಗ್ಯವಂತರು ಅವರ ಪರವಾಗಿ ಮಾಡಲಿ. ಕರ್ತನ ಭೋಜನದ ದ್ರಾಕ್ಷಾರಸ ಒಂದು ಗುಟುಕಿಗೂ ಕಡಿಮೆ, ರೋಗಿ ದಿನಕ್ಕೆ ಇಷ್ಟೇ ಕುಡಿಯಬೇಕೆಂಬ ನೀರಿನ ಲೆಕ್ಕಕ್ಕೆ ಅದರಿಂದ ತೊಂದರೆ ಇಲ್ಲ. ಯಾಕೋಬ 5:14ರ ಪ್ರಕಾರ ಹಿರಿಯರು ಎಣ್ಣೆ ಹಚ್ಚಿ ಪ್ರಾರ್ಥಿಸಲು ಬಂದಾಗ ಹಣೆಗೆ ಹಚ್ಚಲಿ. ಕುತ್ತಿಗೆಯಲ್ಲಿ ಡಯಾಲಿಸಿಸ್ ನಳಿಕೆ (ಕ್ಯಾತಿಟರ್) ಇದ್ದರೆ ಅದರ ಹತ್ತಿರ ಕೈ ಒಯ್ಯಬಾರದು, ಎಣ್ಣೆ ತಗುಲಿದರೆ ಪ್ಲಾಸ್ಟರ್ ಬಿಟ್ಟು ಸೋಂಕಿಗೆ ದಾರಿಯಾಗುತ್ತದೆ. 'ಗುಣವಾಯಿತೆಂದು ನಂಬಿ ಡಯಾಲಿಸಿಸ್ ಬಿಡಿ' ಎನ್ನುವವರಿಗೆ ಬಾಗಿಲು ತೋರಿಸಿ. ಕಿಡ್ನಿ ಪೂರ್ತಿ ನಿಂತವರು ಡಯಾಲಿಸಿಸ್ ಬಿಟ್ಟರೆ ಉಳಿಯುವುದು ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ. ಸಾಯುವ ಹಾಗಿದ್ದ ಅರಸ ಹಿಜ್ಕೀಯನಿಗೆ ಹದಿನೈದು ವರ್ಷ ಆಯುಸ್ಸು ಕೊಟ್ಟ ದೇವರ ಮಾತನ್ನು ತಂದ ಪ್ರವಾದಿ ಯೆಶಾಯನೇ ಅವನ ಹುಣ್ಣಿಗೆ ಅಂಜೂರದ ಉಂಡೆ ಕಟ್ಟಲು ಹೇಳಿದ. ಪೌಲ ತನ್ನ ಜೊತೆಗಾರ ತ್ರೊಫಿಮನನ್ನು ಮಿಲೇತ ಪಟ್ಟಣದಲ್ಲಿ ಕಾಯಿಲೆಯಲ್ಲೇ ಬಿಟ್ಟುಬಂದ, ಅದಕ್ಕಾಗಿ ಅವನ ನಂಬಿಕೆಯನ್ನು ಜರೆಯಲಿಲ್ಲ.

ನೋಡಲು ಬರುವವರ ಪ್ರೀತಿ ದೊಡ್ಡದು, ಆದರೆ ಆ ಪ್ರೀತಿ ಎಳನೀರು ಮತ್ತು ಬಾಳೆಹಣ್ಣಿನ ರೂಪದಲ್ಲಿ ಬರುತ್ತದೆ. ಎರಡರಲ್ಲೂ ಪೊಟ್ಯಾಸಿಯಂ ಹೆಚ್ಚು, ಡಯಾಲಿಸಿಸ್ ರೋಗಿಯ ರಕ್ತದಲ್ಲಿ ಅದು ಏರಿದರೆ ಹೃದಯವೇ ನಿಲ್ಲಬಹುದು. ಮೂಸಂಬಿ ಜ್ಯೂಸೂ ಬೇಡ. ಇದನ್ನು ರೋಗಿಯ ಬಾಯಿಂದ ಹೇಳಿಸಬಾರದು. ಸಭಾಪಾಲಕರ ಮೂಲಕ ಮೊದಲೇ ತಿಳಿಸಿಬಿಟ್ಟರೆ ಯಾರಿಗೂ ಬೇಸರವಾಗುವುದಿಲ್ಲ. ಡಯಾಲಿಸಿಸ್ ಆದ ಸಂಜೆ ಬರುವುದು ಬೇಡ, ಮರುದಿನ ಬರಲಿ, ಒಮ್ಮೆಗೆ ಮೂರು ನಾಲ್ಕು ಜನ, ಹದಿನೈದು ನಿಮಿಷ. ಎಲ್ಲವನ್ನೂ ಕಳೆದುಕೊಂಡು ನರಳಿದ ಯೋಬನ ಗೆಳೆಯರು ಏಳು ದಿನ ಬಾಯಿ ಮುಚ್ಚಿ ನೆಲದ ಮೇಲೆ ಕೂತಿದ್ದರಲ್ಲ, ಅಷ್ಟು ಮಟ್ಟಿಗೆ ಅವರು ಸರಿಯಾಗಿಯೇ ಇದ್ದರು. ಕೆಟ್ಟದ್ದು ಬಾಯಿ ತೆರೆದ ಮೇಲೆ. ಯಾವ ಪಾಪಕ್ಕೆ ಈ ರೋಗ ಎಂದು ಹುಡುಕುವವರಿಗೆ ಯೋಹಾನ 9ನೇ ಅಧ್ಯಾಯದ ಮೊದಲ ಮೂರು ವಚನಗಳನ್ನು (ಹುಟ್ಟುಕುರುಡನ ಸ್ಥಿತಿಗೆ ಅವನ ಪಾಪವೂ ತಂದೆತಾಯಿಯ ಪಾಪವೂ ಕಾರಣವಲ್ಲ ಎಂದು ಯೇಸು ಹೇಳಿದ್ದು) ಓದಿ ಹೇಳಿದರೆ ಸಾಕು, ವಾದ ಬೇಡ.

ಸಹಾಯ ಕೇಳುವಾಗ 'ನಮಗಾಗಿ ಪ್ರಾರ್ಥಿಸಿ' ಎಂದು ನಿಲ್ಲಿಸಿದರೆ ಜನರಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. 'ಬುಧವಾರ ಬೆಳಗ್ಗೆ ಐದಕ್ಕೆ ಆಸ್ಪತ್ರೆಗೆ ಬಿಡಲು ಯಾರಾದರೂ ಸಿಗುತ್ತಾರಾ' ಎಂದು ಕೇಳಿ, ಯಾರೋ ಒಬ್ಬರು ಕೈ ಎತ್ತುತ್ತಾರೆ. 2016ರಲ್ಲಿ ಶುರುವಾದ ಕೇಂದ್ರದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಡಿ ಬಿ.ಪಿ.ಎಲ್. ಕುಟುಂಬಗಳಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಉಚಿತ. ಕಾರ್ಡು ಹಿಡಿದು ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸುವುದಕ್ಕೂ ದೇವರನ್ನು ನಂಬುವುದಕ್ಕೂ ವಿರೋಧವೇನಿಲ್ಲ. ಸಾಲ ಮಾಡಿ ಕಾಣಿಕೆ ಕೊಟ್ಟರೆ ರೋಗ ವಾಸಿಯಾಗುತ್ತದೆ ಎಂಬ ಬೋಧನೆಗೆ ಮಾತ್ರ ಕಿವಿಗೊಡಬೇಡಿ. 2 ಕೊರಿಂಥ 8:12 ಇರುವುದಕ್ಕೆ ತಕ್ಕಂತೆ ಕೊಟ್ಟರೆ ಸಾಕೆನ್ನುತ್ತದೆ.

ನೋಡಿಕೊಳ್ಳುವವರು ತಮ್ಮನ್ನು ಮರೆಯುತ್ತಾರೆ. ಸಾಯುವುದೇ ಲೇಸು ಎಂದು ಮಲಗಿದ ಪ್ರವಾದಿ ಎಲೀಯನಿಗೆ ದೂತನು ಬೋಧನೆ ಮಾಡಲಿಲ್ಲ. ರೊಟ್ಟಿ, ನೀರು, ನಿದ್ದೆ, ಮತ್ತೆ ರೊಟ್ಟಿ, ನೀರು. 1 ಅರಸುಗಳು 19ನ್ನು ನಾನು ವೈದ್ಯರ ಚೀಟಿಯಂತೆ ಓದುತ್ತೇನೆ: ವಾರಕ್ಕೊಂದು ರಾತ್ರಿ ಬೇರೆಯವರು ಕಾಯಲಿ, ನೋಡಿಕೊಳ್ಳುವವರು ಪೂರ್ತಿ ನಿದ್ದೆ ಮಾಡಲಿ. ಎರಡು ವಾರ ಕಳೆದರೂ ಮಂಕು ಹೋಗದಿದ್ದರೆ, ಸಾಯುವ ಯೋಚನೆ ಬಂದರಂತೂ ಆ ಕೂಡಲೇ, ಡಾಕ್ಟರಿಗೆ ತಿಳಿಸಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ಕನ್ನಡದಲ್ಲಿ ಮಾತಾಡಬಹುದು.

ಕಿಡ್ನಿ ಕಸಿಗಾಗಿ ರಾಜ್ಯದ ಅಂಗದಾನ ಸಂಸ್ಥೆ ಜೀವಸಾರ್ಥಕತೆಯಲ್ಲಿ ಹೆಸರು ನೋಂದಾಯಿಸಿದ ಮೇಲೆ ಪ್ರಾರ್ಥನೆಗೆ ಹೊಸದೊಂದು ಮುಜುಗರ ಬರುತ್ತದೆ. ಕಿಡ್ನಿ ಸಿಗಲಿ ಎಂದರೆ ಎಲ್ಲೋ ಒಂದು ಮನೆಯಲ್ಲಿ ಸಾವು ಆಗಲಿ ಎಂದಂತಾಗುವುದಿಲ್ಲವೇ? ನಾನು ಆ ಬೇಡಿಕೆಯನ್ನು ಹೀಗೆ ತಿರುಗಿಸಿಕೊಂಡಿದ್ದೇನೆ: ಯಾರೂ ಸಾಯದಿರಲಿ, ಆದರೆ ಆಗಲೇ ತಮ್ಮವರನ್ನು ಕಳೆದುಕೊಂಡ ಕುಟುಂಬಕ್ಕೆ ಆ ಗಳಿಗೆಯಲ್ಲಿ ಕೊಡುವ ಮನಸ್ಸು ಬರಲಿ, ಅವರ ದುಃಖಕ್ಕೆ ಸಮಾಧಾನ ಸಿಗಲಿ. ಅಂಗ ಕೊಟ್ಟವರಿಗೆ ಪುನರುತ್ಥಾನದಲ್ಲಿ ಕೊರತೆಯಾದೀತೇ ಎಂದು ಕೇಳುವ ಹಿರಿಯರಿದ್ದಾರೆ. ಸುಟ್ಟುಹೋದ, ಸಮುದ್ರದಲ್ಲಿ ಮುಳುಗಿದ ರಕ್ತಸಾಕ್ಷಿಗಳನ್ನು ಎಬ್ಬಿಸುವ ದೇವರಿಗೆ ಒಂದು ಕಿಡ್ನಿ ದೊಡ್ಡದೇ ಎಂದರೆ ಸುಮ್ಮನಾಗುತ್ತಾರೆ. ಕಥೋಲಿಕ ಸಭೆಯ ಧರ್ಮೋಪದೇಶವೂ ಅಂಗದಾನವನ್ನು ಒಳ್ಳೆಯ ಕಾರ್ಯವೆಂದೇ ಹೇಳುತ್ತದೆ. ಕಸಿಯ ಕರೆ ರಾತ್ರಿ ಯಾವ ಹೊತ್ತಿಗಾದರೂ ಬರಬಹುದು, ತಡಮಾಡಿದರೆ ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತದೆ. ಹಾಗಾಗಿ ಪ್ರಾರ್ಥನೆಗೆ ಕೂರುವಾಗ ಫೋನು ಸೈಲೆಂಟ್ ಮಾಡುವ ಪದ್ಧತಿಯನ್ನು ಈ ಮನೆಯಲ್ಲಿ ಕೈಬಿಟ್ಟಿದ್ದೇವೆ.