ನೂರಿಪ್ಪತ್ತು ಸಲ ಫಾರ್ಮ್ಯಾಟ್ ಹೊಡೆದು ನೋಡಿದೆ

ಆರು ತಿಂಗಳಲ್ಲಿ ಮೂರು ಸಲ ವಿಂಡೋಸ್ ಹಾಕಿಸಿಕೊಂಡು ಹೋಗಿದ್ದ ಸ್ಟುಡಿಯೋದ ಅಣ್ಣ ನಾಲ್ಕನೇ ಸಲ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಸಿಪಿಯು ಹೊತ್ತುಕೊಂಡು ಬಂದಾಗ ತೀರ್ಥಹಳ್ಳಿಯಲ್ಲಿ ಆಷಾಢದ ಮಳೆ ಹಿಡಿದು ಕೂತಿತ್ತು. ಸಿಪಿಯುಗೆ ಗೊಬ್ಬರದ ಚೀಲ ಹೊದಿಸಿದ್ದರು, ತಾವು ಪೂರ್ತಿ ನೆನೆದಿದ್ದರು. ಮೇಜಿನ ಮೇಲೆ ಇಟ್ಟವರೇ, "ಎಂತ ಮಾರಾಯ, ಫಾರ್ಮ್ಯಾಟ್ ಹೊಡ್ದು ಹೊಡ್ದು ನನ್ನ ಹಾರ್ಡ್‌ಡಿಸ್ಕ್ ಸವೆಸಿ ಹಾಕಿದ್ಯಲ್ಲ!" ಎಂದರು. ಡಿ ಡ್ರೈವ್ ತೆರೆಯುತ್ತಿರಲಿಲ್ಲ. ಅದರೊಳಗೆ ಎರಡು ಮದುವೆ, ಒಂದು ಉಪನಯನದ ಫೋಟೋ ಇದ್ದವು. ಆಲ್ಬಮ್ ಇನ್ನೂ ಮಾಡಿರಲಿಲ್ಲ.

"ಫಾರ್ಮ್ಯಾಟಿಂದ ಡಿಸ್ಕ್ ಸವೆಯೋದಿಲ್ಲ ಅಣ್ಣ" ಎಂದೆ.

"ನೀನು ನೋಡಿದ್ಯಾ?"

ನೋಡಿರಲಿಲ್ಲ. ಅದೇ ನನ್ನನ್ನು ಕೊರೆದದ್ದು. ನಾನು ಶಿವಮೊಗ್ಗದಲ್ಲಿ ಕೆಲಸ ಕಲಿತ ಅಂಗಡಿಯಲ್ಲಿ ಹೇಳಿಕೊಟ್ಟಿದ್ದು "ಸುಮ್ಮಸುಮ್ಮನೆ ಫಾರ್ಮ್ಯಾಟ್ ಹೊಡೀಬೇಡ, ಡಿಸ್ಕಿನ ಆಯುಸ್ಸು ಕಮ್ಮಿ ಆಗ್ತದೆ" ಎಂದು. ಆಮೇಲೆ ಓದಿ ತಿಳಿದದ್ದು ಅದಕ್ಕೆ ಉಲ್ಟಾ. ಎರಡನ್ನೂ ಕೇಳಿದ್ದೆ, ಯಾವುದನ್ನೂ ಪರೀಕ್ಷೆ ಮಾಡಿರಲಿಲ್ಲ. ವಿಂಡೋಸ್ ಎಕ್ಸ್‌ಪಿ ಕಾಲದಿಂದ ಎಷ್ಟು ಸಿಸ್ಟಮ್‌ಗಳಿಗೆ ಫಾರ್ಮ್ಯಾಟ್ ಹೊಡೆದಿದ್ದೇನೋ ಲೆಕ್ಕವಿಲ್ಲ. ಆಗ ಪೆನ್‌ಡ್ರೈವ್ ಚುಚ್ಚಿದರೆ ವೈರಸ್. ಆರು ತಿಂಗಳಿಗೊಮ್ಮೆ ವಿಂಡೋಸ್ ಹೊಸದಾಗಿ ಹಾಕುವುದು ಗಾಡಿಗೆ ಆಯಿಲ್ ಬದಲಿಸಿದಷ್ಟೇ ಮಾಮೂಲು. ಇಷ್ಟು ವರ್ಷ ಜನರ ಡಿಸ್ಕನ್ನು ನಾನೇ ಸವೆಸುತ್ತಾ ಬಂದಿದ್ದೇನಾ ಎಂಬ ಪ್ರಶ್ನೆ ಆ ರಾತ್ರಿ ನಿದ್ದೆ ಕೊಡಲಿಲ್ಲ.

ಮೊದಲು ಫಾರ್ಮ್ಯಾಟ್ ಎಂದರೆ ಏನಾಗುತ್ತದೆ ಎಂಬುದನ್ನು ಹೇಳುತ್ತೇನೆ. ಕ್ವಿಕ್ ಫಾರ್ಮ್ಯಾಟ್ ಹೊಡೆದರೆ ತೋಟ ಇದ್ದಲ್ಲೇ ಇರುತ್ತದೆ, ಪಹಣಿ ಮಾತ್ರ ಹೊಸದಾಗಿ ಬರೆದ ಹಾಗೆ. ಯಾವ ಫೈಲ್ ಎಲ್ಲಿದೆ ಎಂಬ ಪಟ್ಟಿಯನ್ನು ಖಾಲಿ ಮಾಡಿ ಹೊಸ ಪಟ್ಟಿ ಇಡುತ್ತದೆ, ಅಷ್ಟೇ. ದೊಡ್ಡ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ಒಂದು ಫೈಲನ್ನೂ ಹಾಕದೆ ನೋಡಿದರೂ ಸುಮಾರು 100 ಎಂಬಿ ಬಳಕೆಯಾಗಿದೆ ಎಂದು ತೋರಿಸುತ್ತದಲ್ಲ, ಬರೆದದ್ದು ಹೆಚ್ಚೆಂದರೆ ಅಷ್ಟು. ಅದಾದ ಮೇಲೆ ವಿಂಡೋಸ್ ಹಾಕುವಾಗ ಬರೆಯುವ ಹದಿನೈದು-ಇಪ್ಪತ್ತು ಜಿಬಿ ಎದುರು ಇದು ಏನೂ ಅಲ್ಲ.

ಪೂರ್ತಿ ಫಾರ್ಮ್ಯಾಟ್ ಬೇರೆ. ಎಕ್ಸ್‌ಪಿಯಲ್ಲಿ ಅದು ಪ್ರತಿ ಸೆಕ್ಟರನ್ನೂ, ಅಂದರೆ ಡಿಸ್ಕ್ ಡೇಟಾ ಇಡುವ ಪುಟ್ಟ ಪುಟ್ಟ ಖಾನೆಯನ್ನೂ, ಓದಿ ಕೆಟ್ಟಿದೆಯಾ ಎಂದು ನೋಡುತ್ತಿತ್ತು, ಬರೆಯುತ್ತಿರಲಿಲ್ಲ. ಅದರ ಮುಂದಿನ ವಿಂಡೋಸ್ ವಿಸ್ತಾದಿಂದ ಈಚೆಗೆ ಇಡೀ ಪಾರ್ಟಿಶನ್ (ಒಂದೇ ಡಿಸ್ಕಿನಲ್ಲಿ ಸಿ, ಡಿ ಎಂದು ಮಾಡಿಕೊಂಡ ಭಾಗ) ಮೇಲೆ ಸೊನ್ನೆ ಬರೆಯುತ್ತದೆ. ಈ ವ್ಯತ್ಯಾಸ ಗೊತ್ತಿಲ್ಲದೆ ಡೇಟಾ ಕಳಕೊಂಡವರನ್ನು ನಾನು ನೋಡಿದ್ದೇನೆ. "ಮುಂಚೆ ಫುಲ್ ಫಾರ್ಮ್ಯಾಟ್ ಆದ ಮೇಲೂ ರಿಕವರಿ ಮಾಡಿಕೊಟ್ಟಿದ್ರಿ" ಎನ್ನುತ್ತಾರೆ. ಹೌದು, ಎಕ್ಸ್‌ಪಿಯಲ್ಲಿ ಆಗುತ್ತಿತ್ತು. ಈಗ ಆಗುವುದಿಲ್ಲ.

ಸವೆತದ ಮಾತಿಗೆ ಬರೋಣ. ಡಿಸ್ಕಿನೊಳಗೆ ಓದುವ-ಬರೆಯುವ ಹೆಡ್ ತಟ್ಟೆಯನ್ನು ಮುಟ್ಟುವುದೇ ಇಲ್ಲ. ತಟ್ಟೆ ತಿರುಗುವಾಗ ಏಳುವ ಗಾಳಿಯ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತದೆ. ಕೂದಲಿನ ದಪ್ಪವೇ ಹತ್ತಾರು ಸಾವಿರ ನ್ಯಾನೋಮೀಟರ್, ಅದಕ್ಕೆ ಹೋಲಿಸಿಕೊಳ್ಳಿ. ನಿಮಿಷಕ್ಕೆ 7200 ಸುತ್ತು ತಿರುಗುವ ಡೆಸ್ಕ್‌ಟಾಪ್ ಡಿಸ್ಕಿನ ಹೊರ ಅಂಚು ಗಂಟೆಗೆ 125 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಓಡುತ್ತಿರುತ್ತದೆ. ಆ ವೇಗದಲ್ಲಿ ಹೆಡ್ ಮುಟ್ಟುವಂತಿದ್ದರೆ ಡಿಸ್ಕ್ ಒಂದು ದಿನವೂ ಬಾಳುತ್ತಿರಲಿಲ್ಲ. ಬರೆಯುವುದು ಎಂದರೆ ಅಯಸ್ಕಾಂತದ ದಿಕ್ಕು ತಿರುಗಿಸುವುದು. ಸ್ಲೇಟಿನ ಮೇಲೆ ಬಳಪ ಉಜ್ಜಿದ ಹಾಗಲ್ಲ, ಇಲ್ಲಿ ಉಜ್ಜುವುದೇ ಇಲ್ಲ.

ಇಷ್ಟೆಲ್ಲ ಓದಿದ್ದೆ. ಅಣ್ಣ ಕೇಳಿದ್ದು ಓದಿದ್ದೀಯಾ ಎಂದಲ್ಲ, ನೋಡಿದ್ದೀಯಾ ಎಂದು.

ಹಳೆಯ ಶಾಲಾ ಲ್ಯಾಬಿನ ಸಿಸ್ಟಮ್‌ನಿಂದ ಬಿಚ್ಚಿಟ್ಟ 80 ಜಿಬಿಯ ಒಂದು ಸಾಟಾ ಡಿಸ್ಕ್ ಮೂಲೆಯಲ್ಲಿತ್ತು. ವಿಂಡೋಸ್ 7 ಇದ್ದ ಅಂಗಡಿಯ ಸಿಸ್ಟಮ್‌ಗೆ ಅದನ್ನು ಎರಡನೇ ಡಿಸ್ಕ್ ಆಗಿ ಕೊಟ್ಟೆ. ಮೊದಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ತಂತ್ರಾಂಶ ತೆರೆದು ಸ್ಮಾರ್ಟ್ ಪಟ್ಟಿಯ ಫೋಟೋ ತೆಗೆದುಕೊಂಡೆ. ಸ್ಮಾರ್ಟ್ ಎಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಟ್ಟುಕೊಳ್ಳುವ ಲೆಕ್ಕ. ಅದರಲ್ಲಿ ನಾನು ನೋಡುವುದು ಮುಖ್ಯವಾಗಿ ಮೂರು ಸಾಲು: 05, ಕೆಟ್ಟ ಸೆಕ್ಟರ್‌ಗೆ ಬದಲಿ ಕೊಟ್ಟ ಲೆಕ್ಕ, ಸಿ5, ಓದಲು ಆಗದೆ ತೀರ್ಮಾನಕ್ಕೆ ಕಾಯುತ್ತಿರುವ ಸೆಕ್ಟರ್‌ಗಳು, ಸಿ6, ಸರಿಪಡಿಸಲಾಗದವು. ಈ ತಂತ್ರಾಂಶ ಸಂಖ್ಯೆಗಳನ್ನು ಹೆಕ್ಸಾಡೆಸಿಮಲ್‌ನಲ್ಲಿ, ಅಂದರೆ ಹದಿನಾರರ ಎಣಿಕೆಯಲ್ಲಿ, ತೋರಿಸುತ್ತದೆ. ಫಂಕ್ಷನ್ ಮೆನುವಿಗೆ ಹೋಗಿ ಕಚ್ಚಾ ಮೌಲ್ಯವನ್ನು ಡೆಸಿಮಲ್‌ಗೆ ಬದಲಿಸಿಕೊಳ್ಳಿ, ಇಲ್ಲದಿದ್ದರೆ 10 ಎಂದು ಕಂಡದ್ದು ನಿಜಕ್ಕೂ 16 ಇರುತ್ತದೆ. ನನ್ನ ಡಿಸ್ಕಿನಲ್ಲಿ ಮೂರೂ ಸೊನ್ನೆ ಇದ್ದವು.

ಆದೇಶಗಳನ್ನು ಸಾಲಾಗಿ ತಾನೇ ಓಡಿಸುವ ಒಂದು ಸಣ್ಣ ಬ್ಯಾಚ್ ಫೈಲ್ ಬರೆದೆ. ಪೂರ್ತಿ ಫಾರ್ಮ್ಯಾಟ್, ಮುಗಿದ ಕೂಡಲೇ ಇನ್ನೊಂದು, ರಾತ್ರಿಗೆ ಹತ್ತು. ಒಂದಕ್ಕೆ ಅರ್ಧ ಗಂಟೆ ಮೇಲೆ ಹಿಡಿಯುತ್ತಿತ್ತು. ಸಂಜೆ ಬಾಗಿಲು ಹಾಕುವಾಗ ಶುರುಮಾಡಿ ಮನೆಗೆ ಹೋಗುವುದು, ಬೆಳಿಗ್ಗೆ ಬಂದು ಸ್ಮಾರ್ಟ್ ನೋಡಿ ಪುಸ್ತಕದಲ್ಲಿ ಬರೆಯುವುದು. ಎರಡು ರಾತ್ರಿ ಕರೆಂಟು ಹೋಗಿ ಯುಪಿಎಸ್ ಕೈಕೊಟ್ಟಿತು, ಆ ಲೆಕ್ಕ ಬಿಟ್ಟು ಮತ್ತೆ ಮಾಡಿದೆ. ಹನ್ನೆರಡು ಲೆಕ್ಕದ ರಾತ್ರಿಗಳಲ್ಲಿ 120 ಪೂರ್ತಿ ಫಾರ್ಮ್ಯಾಟ್. ಅಂದರೆ ಆ ಪುಟ್ಟ ಡಿಸ್ಕಿನ ಮೇಲೆ 9.6 ಟಿಬಿ ಸೊನ್ನೆ ಬರೆದಿದ್ದೆ. ಆರು ತಿಂಗಳಿಗೊಂದರಂತೆ ಹೊಡೆದರೆ ಅರವತ್ತು ವರ್ಷದ ಫಾರ್ಮ್ಯಾಟ್.

ಕೊನೆಯ ಬೆಳಿಗ್ಗೆ 05, ಸಿ5, ಸಿ6 ಮೂರೂ ಸೊನ್ನೆಯೇ. ಓಡಿದ ಗಂಟೆಗಳ ಲೆಕ್ಕ ಏರಿತ್ತು, ಅದು ಏರಲೇಬೇಕು. ಡಿಸ್ಕ್ ತುಂಬ ಫೋಟೋ ತುಂಬಿಸಿ ಮೂಲದ ಜೊತೆ ಒಂದೊಂದನ್ನೂ ತಾಳೆ ನೋಡಿದೆ, ಒಂದೂ ಹೆಚ್ಚುಕಮ್ಮಿ ಇಲ್ಲ. ಒಂದು ಬದಲಾವಣೆ ಕಂಡಿದ್ದು ಬಿಸಿಯಲ್ಲಿ. ಗಂಟೆಗಟ್ಟಲೆ ಬಿಡದೆ ಬರೆಯುವಾಗ ಮುಚ್ಚಿದ ಡಬ್ಬದೊಳಗೆ ಡಿಸ್ಕ್ ಮಾಮೂಲಿಗಿಂತ ಹೆಚ್ಚು ಕಾಯುತ್ತದೆ. ಅದಕ್ಕೆ ಈಗ ದೊಡ್ಡ ಡಿಸ್ಕಿಗೆ ಪೂರ್ತಿ ಫಾರ್ಮ್ಯಾಟ್ ಹೊಡೆಯುವಾಗ ಎದುರಿಗೆ ಒಂದು ಫ್ಯಾನ್ ಇಡುತ್ತೇನೆ.

ಒಂದು ಡಿಸ್ಕಿನಿಂದ ಎಲ್ಲ ಡಿಸ್ಕ್ ಬಗ್ಗೆ ಹೇಳಲು ಬರುವುದಿಲ್ಲ, ಒಪ್ಪುತ್ತೇನೆ. ಆದರೆ ತಯಾರಕರ ಲೆಕ್ಕವೂ ಇದೇ ಕಡೆ ಇದೆ. ಕೆಲವು ಡೆಸ್ಕ್‌ಟಾಪ್ ಡಿಸ್ಕ್‌ಗಳ ಮಾಹಿತಿ ಪತ್ರದಲ್ಲಿ ವರ್ಷಕ್ಕೆ 55 ಟಿಬಿ ಕೆಲಸಕ್ಕೆ ತಕ್ಕದ್ದು ಎಂದು ಬರೆದಿರುತ್ತಾರೆ. 1 ಟಿಬಿ ಡಿಸ್ಕಿಗೆ ತಿಂಗಳಿಗೊಮ್ಮೆ ಪೂರ್ತಿ ಫಾರ್ಮ್ಯಾಟ್ ಹೊಡೆದರೂ ವರ್ಷಕ್ಕೆ 12 ಟಿಬಿ. ಇನ್ನೊಂದು ವಿಷಯ: ಫಾರ್ಮ್ಯಾಟ್ ಮಾಡುವಾಗ ಹೆಡ್ಡಿನ ತೋಳು ಒಂದು ತುದಿಯಿಂದ ಇನ್ನೊಂದಕ್ಕೆ ಸಾಲಾಗಿ ನಿಧಾನ ಸರಿಯುತ್ತದೆ. ವಿಂಡೋಸ್ ಆನ್ ಆಗುವಾಗ ಅದೇ ತೋಳು ಸಾವಿರಾರು ಸಣ್ಣ ಫೈಲ್ ಹುಡುಕಿಕೊಂಡು ಅತ್ತಿತ್ತ ಹಾರಾಡುತ್ತದೆ. ಕಿವಿಗೊಟ್ಟು ಕೇಳಿ, ಯಾವುದರಲ್ಲಿ ಹೆಚ್ಚು ಶಬ್ದ ಎಂದು ನಿಮಗೇ ತಿಳಿಯುತ್ತದೆ.

ಹಾಗಾದರೆ ಸ್ಟುಡಿಯೋದ ಡಿಸ್ಕಿಗೆ ಆದದ್ದೇನು? ಈ ಪರೀಕ್ಷೆ ಶುರುಮಾಡುವ ಮೊದಲೇ ನಾನು ಅದರ ಸ್ಮಾರ್ಟ್ ತೆರೆದು ನೋಡಿದ್ದೆ. 05ರಲ್ಲಿ ನೂರಾರು, ಸಿ5ರಲ್ಲಿ ಅದಕ್ಕೂ ಹೆಚ್ಚು. ಆ ಪರದೆಯ ಮುಂದೆ ಕೂತಾಗ ನನ್ನ ತಪ್ಪು ಅರ್ಥವಾಯಿತು. ಅದು ಅಣ್ಣ ಹೇಳಿದ ತಪ್ಪಲ್ಲ, ಬೇರೆಯೇ.

ಡಿಸ್ಕ್ ಒಂದು ಸೆಕ್ಟರನ್ನು ಓದಲು ಹೋಗಿ ಆಗದಿದ್ದರೆ ಅದನ್ನು ಕೂಡಲೇ ಬಿಸಾಡುವುದಿಲ್ಲ. ಒಳಗೆ ನಿಮ್ಮ ಡೇಟಾ ಇದೆ, ಮುಂದಿನ ಸಲ ಓದಲು ಸಿಕ್ಕೀತು ಎಂದು ಸಿ5 ಪಟ್ಟಿಗೆ ಸೇರಿಸಿ ಕಾಯುತ್ತದೆ. ಅದೇ ಜಾಗದ ಮೇಲೆ ಹೊಸದಾಗಿ ಏನಾದರೂ ಬರೆದರೆ ಹಳೆಯದರ ಆಸೆ ಮುಗಿಯಿತು. ಆಗ ಡಿಸ್ಕ್ ಆ ಜಾಗವನ್ನು ಪರೀಕ್ಷಿಸಿ, ಚೆನ್ನಾಗಿದ್ದರೆ ಉಳಿಸಿಕೊಳ್ಳುತ್ತದೆ, ಇಲ್ಲದಿದ್ದರೆ ಕಾದಿರಿಸಿದ ಜಾಗದಿಂದ ಒಂದು ಬದಲಿ ಸೆಕ್ಟರ್ ಕೊಡುತ್ತದೆ. ಬದಲಿ ಕೊಟ್ಟದ್ದು 05ರ ಲೆಕ್ಕಕ್ಕೆ ಸೇರುತ್ತದೆ. ಪೂರ್ತಿ ಫಾರ್ಮ್ಯಾಟ್ ಮಾಡುವುದು ಇದನ್ನೇ, ಇಡೀ ಪಾರ್ಟಿಶನ್‌ಗೆ.

ಮೂರು ಸಲವೂ ನಾನು ಸಿ ಡ್ರೈವ್‌ಗೆ ಪೂರ್ತಿ ಫಾರ್ಮ್ಯಾಟ್ ಹೊಡೆದಿದ್ದೆ. ಸಿಸ್ಟಮ್ ಹ್ಯಾಂಗ್ ಆಗುತ್ತಿದ್ದುದೇ ಕೆಟ್ಟ ಸೆಕ್ಟರ್‌ಗಳಿಂದ. ಫಾರ್ಮ್ಯಾಟ್ ಹೊಡೆದ ಕೂಡಲೇ ಸಿ ಡ್ರೈವ್‌ನ ಕೆಟ್ಟ ಜಾಗಕ್ಕೆಲ್ಲ ಬದಲಿ ಸಿಕ್ಕಿ ಸಿಸ್ಟಮ್ ಹೊಸದರಂತೆ ಓಡುತ್ತಿತ್ತು. ಅಣ್ಣ ಖುಷಿಯಿಂದ ಒಯ್ಯುತ್ತಿದ್ದರು. ಎರಡು ತಿಂಗಳಿಗೆ ಮತ್ತೆ ಹೊಸ ಜಾಗ ಕೆಡುತ್ತಿತ್ತು. ನಾವು ಮುಟ್ಟದ ಡಿ ಡ್ರೈವ್‌ನಲ್ಲಿ ಅದೇ ರೋಗ ಸದ್ದಿಲ್ಲದೆ ಬೆಳೆಯುತ್ತಿತ್ತು. ಫಾರ್ಮ್ಯಾಟ್ ಡಿಸ್ಕನ್ನು ಕೊಲ್ಲಲಿಲ್ಲ. ಸಾಯುತ್ತಿದ್ದ ಡಿಸ್ಕಿನ ಜ್ವರ ಇಳಿಸಿ ನಮ್ಮಿಬ್ಬರ ಕಣ್ಣು ಮುಚ್ಚಿಸಿತು.

ಜನರ ನಂಬಿಕೆ ಹುಟ್ಟಿದ್ದೂ ಇಲ್ಲಿಂದಲೇ ಎಂದು ನನಗೆ ಅನ್ನಿಸುತ್ತದೆ. ಆರೋಗ್ಯವಾಗಿರುವ ಡಿಸ್ಕಿಗೆ ಯಾರೂ ಪದೇ ಪದೇ ಫಾರ್ಮ್ಯಾಟ್ ಹೊಡೆಸುವುದಿಲ್ಲ. ಕಾಯಿಲೆ ಬಿದ್ದದ್ದಕ್ಕೆ ಹೊಡೆಸುತ್ತಾರೆ, ಕಾಯಿಲೆ ಬಿದ್ದದ್ದು ಸಾಯುತ್ತದೆ. ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಗುತ್ತದೆ, ಹೆಸರು ಕಾಗೆಗೆ ಬರುತ್ತದೆ. "ಹಾಗಾದ್ರೆ ಲೋ ಲೆವೆಲ್ ಫಾರ್ಮ್ಯಾಟ್ ಹೊಡೀರಿ, ಬ್ಯಾಡ್ ಸೆಕ್ಟರ್ ಹೋಗ್ತದಂತೆ" ಎನ್ನುವವರೂ ಇದ್ದಾರೆ. ನಿಜವಾದ ಲೋ ಲೆವೆಲ್ ಫಾರ್ಮ್ಯಾಟ್, ಅಂದರೆ ತಟ್ಟೆಯ ಮೇಲೆ ಸೆಕ್ಟರ್‌ಗಳನ್ನೇ ಗುರುತು ಹಾಕುವುದು, ಈಗ ಕಾರ್ಖಾನೆಯಲ್ಲಿ ಒಮ್ಮೆ ಆಗುವ ಕೆಲಸ. ಆ ಹೆಸರಿನಲ್ಲಿ ಸಿಗುವ ತಂತ್ರಾಂಶಗಳು ಮಾಡುವುದು ಸೊನ್ನೆ ಬರೆಯುವುದನ್ನೇ.

ಅಣ್ಣನ ಡಿಸ್ಕಿಗೆ ನಾನು ಮತ್ತೆ ಫಾರ್ಮ್ಯಾಟ್ ಹೊಡೆಯಲಿಲ್ಲ. ವಿಂಡೋಸ್ ಅಂತೂ ಡಿ ಡ್ರೈವ್ ಕ್ಲಿಕ್ ಮಾಡಿದಾಗಲೆಲ್ಲ "ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು" ಎಂದು ಕೇಳುತ್ತಿತ್ತು. ದಯವಿಟ್ಟು ಆ ಪ್ರಶ್ನೆಗೆ ಒಪ್ಪಿಗೆ ಒತ್ತಬೇಡಿ. ಡೇಟಾ ಹೋಗಿದೆ ಎಂದು ಅದರ ಅರ್ಥವಲ್ಲ, ಪಟ್ಟಿ ಓದಲು ಆಗುತ್ತಿಲ್ಲ ಎಂದಷ್ಟೇ. ಲಿನಕ್ಸ್‌ನಲ್ಲಿ ಬೂಟ್ ಮಾಡಿ ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಹಾಕಿ ಇಡೀ ಡಿಸ್ಕನ್ನು ಇನ್ನೊಂದು ಹೊಸ ಡಿಸ್ಕಿಗೆ ನಕಲು ಮಾಡಲು ಬಿಟ್ಟೆ. ಅದು ಮೊದಲು ಚೆನ್ನಾಗಿರುವ ಜಾಗವನ್ನೆಲ್ಲ ಬೇಗ ಎತ್ತಿಕೊಂಡು, ಕೆಟ್ಟ ಜಾಗವನ್ನು ಗುರುತು ಹಾಕಿಟ್ಟು, ಕೊನೆಗೆ ಅವಕ್ಕೆ ಮಾತ್ರ ಮತ್ತೆ ಮತ್ತೆ ಹೋಗುತ್ತದೆ. ಎರಡು ದಿನ ಹಿಡಿಯಿತು. ಫೋಟೋಗಳಲ್ಲಿ ಹೆಚ್ಚಿನವು ಬಂದವು. ಉಪನಯನದ ಫೋಲ್ಡರಿನಲ್ಲಿ ಕೆಲವು ಅರ್ಧ ಬಂದವು: ಒಂದರಲ್ಲಿ ಬಟುವಿನ ಮುಖ, ಬೋಳಿಸಿದ ತಲೆ, ಹಣೆಯ ಗಂಧ ಸ್ಪಷ್ಟ, ಎದೆಯಿಂದ ಕೆಳಗೆ ಬರೀ ಬೂದು ಬಣ್ಣ. ಭಿಕ್ಷೆಗೆ ಚಾಚಿದ ಕೈ ಇರಬೇಕಾದ ಜಾಗ ಅದು.

ಅಂದಿನಿಂದ ಯಾವ ಸಿಸ್ಟಮ್ ಬಂದರೂ ಮೊದಲು ಸ್ಮಾರ್ಟ್, ಆಮೇಲೆ ಉಳಿದದ್ದು. ಪುಸ್ತಕದಲ್ಲಿ ಹೆಸರಿನ ಮುಂದೆ 05, ಸಿ5, ಸಿ6 ಬರೆಯುತ್ತೇನೆ. ಸಿ5 ಸೊನ್ನೆ ಇಲ್ಲದಿದ್ದರೆ ಫಾರ್ಮ್ಯಾಟ್ ಹೊಡೆಯುವುದಿಲ್ಲ, ಮೊದಲು ಡೇಟಾ ತೆಗೆಯುತ್ತೇನೆ. ಸಿ7, ಅಂದರೆ ಡಿಸ್ಕಿಗೂ ಬೋರ್ಡಿಗೂ ನಡುವೆ ಡೇಟಾ ಸಾಗುವಾಗ ಆದ ತಪ್ಪಿನ ಲೆಕ್ಕ, ಏರುತ್ತಿದ್ದರೆ ಡಿಸ್ಕಿಗಿಂತ ಮೊದಲು ಸಾಟಾ ಕೇಬಲ್ ಬದಲಿಸಿ ನೋಡುತ್ತೇನೆ. ಅಮೆರಿಕದ ಗೂಗಲ್ ಎಂಜಿನಿಯರ್‌ಗಳು 2007ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಅಧ್ಯಯನ ಪ್ರಕಟಿಸಿದ್ದರು. ಹೆಚ್ಚು ಕೆಲಸ ಮಾಡಿದ ಡಿಸ್ಕ್ ಬೇಗ ಸಾಯುತ್ತದೆ ಎಂಬ ನಂಬಿಕೆಗೆ ಅವರಿಗೆ ಸಿಕ್ಕ ಆಧಾರ ಎಣಿಸಿದ್ದಕ್ಕಿಂತ ಕಮ್ಮಿ. ಆದರೆ ಮೇಲ್ಮೈ ತಪಾಸಣೆಯಲ್ಲಿ ಮೊದಲ ದೋಷ ಕಂಡ ಡಿಸ್ಕ್ ಮುಂದಿನ 60 ದಿನದಲ್ಲಿ ಕೆಡುವ ಸಂಭವ, ದೋಷ ಇಲ್ಲದ್ದಕ್ಕಿಂತ 39 ಪಟ್ಟು ಹೆಚ್ಚು ಎಂದು ಕಂಡಿತು. ಅದೇ ಅಧ್ಯಯನದಲ್ಲಿ ಯಾವ ಮುನ್ಸೂಚನೆಯನ್ನೂ ಕೊಡದೆ ಸತ್ತ ಡಿಸ್ಕ್‌ಗಳೂ ಬೇಕಾದಷ್ಟಿದ್ದವು. ಹಾಗಾಗಿ ಸ್ಮಾರ್ಟ್ ಸರಿ ಇದ್ದರೂ ಎರಡನೇ ಪ್ರತಿ ಇಟ್ಟುಕೊಳ್ಳಿ ಎಂದು ಹೇಳಿಯೇ ಕಳಿಸುತ್ತೇನೆ.

ತಿರುಗುವ ತಟ್ಟೆಯಿಲ್ಲದೆ ಚಿಪ್‌ಗಳಲ್ಲಿ ಡೇಟಾ ಇಡುವ ಎಸ್‌ಎಸ್‌ಡಿ ವಿಷಯಕ್ಕೆ ಸವೆತ ನಿಜ. ಅಲ್ಲಿ ಪ್ರತಿ ಅಳಿಸುವಿಕೆಯೂ ಸೆಲ್ಲನ್ನು ಚೂರು ಸವೆಸುತ್ತದೆ. ಆದರೂ 250 ಜಿಬಿಯದಕ್ಕೆ 150 ಟಿಬಿ ಬರೆಯುವ ಖಾತರಿ ಕೊಟ್ಟಿದ್ದರೆ 600 ಸಲ ತುಂಬಿಸಬಹುದು. ವರ್ಷಕ್ಕೆರಡು ಫಾರ್ಮ್ಯಾಟಿಗೆ ಹೆದರುವುದು ಬೇಡ. ಪೂರ್ತಿ ಫಾರ್ಮ್ಯಾಟ್ ಮಾತ್ರ ಅಲ್ಲಿ ದಂಡ. ಕ್ವಿಕ್ ಹೊಡೆದರೆ ಸಾಕು, ವಿಂಡೋಸ್ 7ರಿಂದ ಈಚೆಗೆ ಟ್ರಿಮ್ ಆದೇಶ ಕಳಿಸಿ ಜಾಗ ಖಾಲಿಯಾಯಿತೆಂದು ಡ್ರೈವ್‌ಗೆ ತಿಳಿಸುತ್ತದೆ. ಆಮೇಲೆ ರಿಕವರಿಯ ಆಸೆ ಇಟ್ಟುಕೊಳ್ಳಬೇಡಿ.

ನಮ್ಮ ಕಡೆ ಡಿಸ್ಕ್ ಕೊಲ್ಲುವುದು ಬೇರೆ. ಅಣ್ಣನ ಡಿಸ್ಕಿನಲ್ಲಿ ಸಿ0 ಸಾಲು, ಅಂದರೆ ಕರೆಂಟು ತಟಕ್ಕನೆ ಹೋಗಿ ಹೆಡ್ ಅವಸರದಲ್ಲಿ ಹಿಂದೆ ಸರಿದ ಲೆಕ್ಕ, ತುಂಬ ದೊಡ್ಡದಿತ್ತು. ಸ್ಟುಡಿಯೋದಲ್ಲಿ ಯುಪಿಎಸ್ ಬ್ಯಾಟರಿ ಸತ್ತು ವರ್ಷವಾಗಿತ್ತಂತೆ. ಮಲೆನಾಡಿನ ಮಳೆಗಾಲದಲ್ಲಿ ದಿನಕ್ಕೆ ಎಷ್ಟು ಸಲ ಲೈನ್ ಹೋಗುತ್ತದೆ ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಡಿಸ್ಕ್ ಓಡುತ್ತಿರುವಾಗಲೇ ಸಿಪಿಯು ಎಳೆದು ಸರಿಸುವುದು, ಎಕ್ಸ್‌ಟರ್ನಲ್ ಡಿಸ್ಕನ್ನು ಬೈಕಿನ ಡಿಕ್ಕಿಯಲ್ಲಿ ಹಾಗೇ ಎಸೆದುಕೊಂಡು ಹೋಗುವುದು, ಇವೂ ಸೇರಿದವು.

ಫೋಟೋ ಒಯ್ಯಲು ಬಂದ ದಿನ ಅಣ್ಣನಿಗೆ ಪುಸ್ತಕದ ಹನ್ನೆರಡು ಬೆಳಗಿನ ಲೆಕ್ಕ ತೋರಿಸಿದೆ. ನಿಧಾನವಾಗಿ ಓದಿದರು. "ಹಾಗಾದ್ರೆ ನನ್ನ ಡಿಸ್ಕ್ ಬಿಚ್ಚಿ ತೋರ್ಸು" ಎಂದರು. ನಕ್ಷತ್ರದ ತಲೆಯ ಸ್ಕ್ರೂ ಬಿಚ್ಚಿ, ಲೇಬಲ್ ಕೆಳಗೆ ಅಡಗಿದ್ದ ಒಂದನ್ನು ಹುಡುಕಿ ತೆಗೆದು ಮುಚ್ಚಳ ಎತ್ತಿದೆ. ತಟ್ಟೆ ಕನ್ನಡಿಯ ಹಾಗಿತ್ತು, ಅವರ ಮುಖ ಅದರಲ್ಲಿ ಮೂಡಿತು. ಬೆಳಕಿಗೆ ಹಿಡಿದು ಓರೆ ಮಾಡಿ ನೋಡಿದರು, ಟಾರ್ಚ್ ಬಿಟ್ಟು ನೋಡಿದರು. ಎಲ್ಲೂ ಸವೆದ ಗುರುತಿರಲಿಲ್ಲ. ಕೆಟ್ಟ ಸೆಕ್ಟರ್ ಬರಿಗಣ್ಣಿಗೆ ಕಾಣುವಂಥದ್ದಲ್ಲ. ಹೋಗುವಾಗ ಒಳಗಿನ ಎರಡು ಅಯಸ್ಕಾಂತ ಕೇಳಿ ತೆಗೆದುಕೊಂಡರು, ಎದುರಿನ ಅಂಗಡಿಯಲ್ಲಿ ಯುಪಿಎಸ್‌ಗೆ ಬ್ಯಾಟರಿಯನ್ನೂ ಕೊಂಡರು.