ಫರ್ನೇಸ್ ಕೆಲಸ ಕಲಿಯಲು ಹೊರಟವರಿಗೆ: ಮೊದಲು ಧಣಿ, ಆಮೇಲೆ ಫೀಸು

ಕೆನಡಾದ ಒಂಟಾರಿಯೋ ಪ್ರಾಂತ್ಯದ ಬ್ರಾಂಪ್ಟನ್‌ಗೆ ಬಂದಿಳಿದು ಆರು ತಿಂಗಳಾದರೂ ಓದಿಗೆ ತಕ್ಕ ಕೆಲಸ ಸಿಗದ ನಮ್ಮವರು ಆಗಾಗ ಫೋನ್ ಮಾಡುತ್ತಾರೆ. "ಎಚ್‌ವಿಎಸಿ ಕೋರ್ಸ್ ಮಾಡಿದ್ರೆ ಗಂಟೆಗೆ 40 ಡಾಲರ್ ಅಂತೆ, ಹೌದಾ?" (ಎಚ್‌ವಿಎಸಿ ಅಂದರೆ ಮನೆ ಬೆಚ್ಚಗಿಡುವ ಫರ್ನೇಸ್, ತಂಪಾಗಿಡುವ ಎಸಿ, ಇವುಗಳ ಕೆಲಸ.) ಹೌದು, ಈಗ ನನಗೆ ಹತ್ತಿರ ಹತ್ತಿರ ಅಷ್ಟೇ ಬರುತ್ತದೆ. ಆದರೆ ಅದಕ್ಕೆ ಐದು ವರ್ಷ ಹಿಡಿಯಿತು. ಕೋರ್ಸ್ ಮಾರುವವರು ಆ ಐದು ವರ್ಷದ ಸುದ್ದಿ ಎತ್ತುವುದಿಲ್ಲ.

ಸಿನ್ ನಂಬರ್ (ಇಲ್ಲಿ ಕೆಲಸ ಮಾಡಲು ಬೇಕಾದ ಸರ್ಕಾರಿ ಸಂಖ್ಯೆ), ಹೆಲ್ತ್ ಕಾರ್ಡ್, ಬ್ಯಾಂಕ್ ಎಲ್ಲ ಮೊದಲ ವಾರವೇ ಮುಗಿಸಿ, ಅದರಲ್ಲಿ ಹೇಳುವಂಥದ್ದೇನಿಲ್ಲ. ಡ್ರೈವಿಂಗ್ ಲೈಸೆನ್ಸ್ ಮಾತ್ರ ಬೇಗ ಮಾಡಿಸಿ, ವ್ಯಾನ್ ಓಡಿಸಲು ಬಾರದವರನ್ನು ಯಾರೂ ಕರೆಯುವುದಿಲ್ಲ. ಇಲ್ಲೊಂದು ತಮಾಷೆ. ಒಂಟಾರಿಯೋದಲ್ಲಿ ಕಾರಿನ ಲೈಸೆನ್ಸಿಗೂ ಜಿ2 ಅಂತಾರೆ, ಗ್ಯಾಸ್ ಲೈಸೆನ್ಸಿಗೂ ಜಿ2 ಅಂತಾರೆ. ಮೊದಲ ಇಂಟರ್‌ವ್ಯೂನಲ್ಲಿ "ಜಿ2 ಇದೆಯಾ?" ಅಂದರು. ನಾನು ಜಂಬದಿಂದ ಕಾರಿನದ್ದು ತೆಗೆದು ತೋರಿಸಿದೆ.

ಈಗ ನನ್ನ ದಡ್ಡತನಕ್ಕೆ ಬರೋಣ. 2018ರಲ್ಲಿ ಗೋದಾಮಿನಲ್ಲಿ ಗಂಟೆಗೆ 15 ಡಾಲರಿಗೆ ಡಬ್ಬ ಎತ್ತುತ್ತಿದ್ದೆ. ನಮಗೆ ಗೊತ್ತಲ್ಲ, ಏನೇ ಕಷ್ಟ ಬಂದರೂ ಮೊದಲು ಹೊಳೆಯುವುದು ಒಂದು ಕೋರ್ಸ್ ಸೇರುವುದು, ಒಂದು ಸರ್ಟಿಫಿಕೇಟ್ ತೆಗೆದುಕೊಳ್ಳುವುದು. ಒಂದು ಖಾಸಗಿ ಶಾಲೆಗೆ 9 ಸಾವಿರ ಡಾಲರ್ ಕಟ್ಟಿ, ಕೆಲಸ ಬಿಟ್ಟು, ಆರು ತಿಂಗಳು ಗ್ಯಾಸ್ ಕೋರ್ಸಿಗೆ ಕೂತೆ. ಊರಿನ ಲೆಕ್ಕದಲ್ಲಿ ಆಗ ನಾಲ್ಕೂಮುಕ್ಕಾಲು ಲಕ್ಷ. ಆದರೆ ನಿಜವಾದ ಖರ್ಚು ಅದಲ್ಲ ಮಾರಾಯ್ರೇ. ಆ ಆರು ತಿಂಗಳು ಗೋದಾಮಿನಲ್ಲೇ ಇದ್ದಿದ್ದರೆ 15,600 ಡಾಲರ್ ದುಡಿಯುತ್ತಿದ್ದೆ. ಎರಡೂ ಸೇರಿ 24,600. ಮುಗಿಸಿ ಹೊರಬಂದಾಗ ಸಿಕ್ಕ ಸಂಬಳ ಗಂಟೆಗೆ 18. ಮೂರು ಡಾಲರ್ ಜಾಸ್ತಿ, ಅಂದರೆ ವರ್ಷಕ್ಕೆ ಆರು ಸಾವಿರ ಚಿಲ್ಲರೆ. ಅದೇ ಸಂಬಳದಲ್ಲಿ ಇದ್ದಿದ್ದರೆ ಹಾಕಿದ ದುಡ್ಡು ವಾಪಸ್ ಬರಲು ನಾಲ್ಕು ವರ್ಷ. ಈ ಲೆಕ್ಕವನ್ನು ಇಂಜಿನಿಯರಿಂಗ್ ಓದಿದ ನಾನು ಫೀಸು ಕಟ್ಟಿದ ಮೇಲೆ ಮಾಡಿದೆ.

ಇನ್ನೊಂದು ಏಟು ಜೂನ್‌ನಲ್ಲಿ ಬಿತ್ತು. ಇಲ್ಲಿ ಬೆಂಕಿಗೆ ಒಂದು ಲೈಸೆನ್ಸ್, ತಂಪಿಗೆ ಇನ್ನೊಂದು. ಗ್ಯಾಸ್ ಫರ್ನೇಸ್ ಮುಟ್ಟಲು ಒಂಟಾರಿಯೋದ ಸುರಕ್ಷತಾ ಸಂಸ್ಥೆ ಟಿಎಸ್‌ಎಸ್‌ಎ ಕೊಡುವ ಜಿ3, ಜಿ2 ಬೇಕು. ಜಿ3 ಇದ್ದರೆ ಮೇಲಿನವರ ಕಣ್ಣಳತೆಯಲ್ಲೇ ಕೆಲಸ. ಜಿ2 ಬಂದರೆ ಗಂಟೆಗೆ 4 ಲಕ್ಷ ಬಿಟಿಯು (ಶಾಖದ ಅಳತೆ) ವರೆಗಿನ ಯಂತ್ರಗಳನ್ನು ಒಬ್ಬರೇ ಮಾಡಬಹುದು, ಮನೆಗಳಿಗೆ ಅದು ಧಾರಾಳ. ಎಸಿ, ಫ್ರಿಜ್ ಕಡೆಗೆ 313ಎ ಎಂಬ ಬೇರೆಯೇ ದಾರಿ: 9,000 ಗಂಟೆಯ ಅಪ್ರೆಂಟಿಸ್‌ಶಿಪ್, ಅಂದರೆ ಸಂಬಳ ಪಡೆಯುತ್ತಲೇ ಕೆಲಸ ಕಲಿಯುವುದು. ಅದಿಲ್ಲದೆ ಬೇಸಿಗೆಯಲ್ಲಿ ನಾನು ಡಕ್ಟ್ (ಗಾಳಿ ಸಾಗುವ ತಗಡಿನ ಕೊಳವೆ) ಹೊರುವ ಆಳು, ವಾರಕ್ಕೆ 20 ಗಂಟೆ.

ಆ 9,000ದಲ್ಲಿ ತರಗತಿ 720 ಗಂಟೆ ಮಾತ್ರ, ಎಂಟೆಂಟು ವಾರದಂತೆ ಮೂರು ಸಲ. ಖರ್ಚಿನ ಬಹುಪಾಲು ಸರ್ಕಾರದ್ದು, ತರಗತಿಯಲ್ಲಿ ಕೂತ ವಾರಗಳಿಗೆ ಇಐ (ಸಂಬಳವಿಲ್ಲದಾಗ ಸರ್ಕಾರ ಕೊಡುವ ಭತ್ಯೆ) ಕೇಳಬಹುದು, ಪ್ರತಿ ಸಲಕ್ಕೆ 4 ಸಾವಿರದವರೆಗೆ ಬಡ್ಡಿಯಿಲ್ಲದ ಸಾಲವೂ ಇದೆ. ಉಳಿದದ್ದೆಲ್ಲ ಸಂಬಳದ ಕೆಲಸ. ಆದರೆ ನಿಮ್ಮನ್ನು ಅಪ್ರೆಂಟಿಸ್ ಅಂತ ಬರೆಸಿಕೊಳ್ಳುವ ಧಣಿ ಮೊದಲು ಸಿಗಬೇಕು. ಹುಡುಕುವುದು ಕಷ್ಟ, ಸುಳ್ಳು ಹೇಳಲ್ಲ. ನಾನು ಎಪ್ಪತ್ತು ಕಡೆ ಫೋನ್ ಮಾಡಿದೆ. ಸಿಕ್ಕ ಮೇಲೂ ನೋಂದಣಿ ಆಗಿದೆಯಾ ಅಂತ ಕಣ್ಣಾರೆ ನೋಡಿ. ನನ್ನ ಮೊದಲ ಯಜಮಾನ ಎಂಟು ತಿಂಗಳು "ನೆಕ್ಸ್ಟ್ ವೀಕ್" ಅಂದ. ಹಿರಿಯರನ್ನು ಮತ್ತೆ ಮತ್ತೆ ಕೇಳಬಾರದು ಅನ್ನುವ ನಮ್ಮ ಸಂಕೋಚ ಇದೆಯಲ್ಲ, ಅದರಿಂದ ಸುಮ್ನೆ ಇದ್ದೆ. ಆ ಎಂಟು ತಿಂಗಳಲ್ಲಿ ಒಂದು ಗಂಟೆಯೂ ಲೆಕ್ಕಕ್ಕೆ ಬರಲಿಲ್ಲ.

ಊರಲ್ಲಿ ಐಟಿಐ ರೆಫ್ರಿಜರೇಷನ್ ಮಾಡಿ ಪೀಣ್ಯದಲ್ಲೋ ಹುಬ್ಬಳ್ಳಿಯಲ್ಲೋ ದುಡಿದವರು, ವಿಮಾನ ಹತ್ತುವ ಮೊದಲೇ ಹಳೇ ಮಾಲೀಕರಿಂದ ಎಷ್ಟು ಗಂಟೆ, ಏನು ಕೆಲಸ ಅಂತ ಲೆಟರ್‌ಹೆಡ್ ಮೇಲೆ ಬರೆಸಿಕೊಳ್ಳಿ. ಇಲ್ಲಿನ ಅಪ್ರೆಂಟಿಸ್‌ಶಿಪ್ ನೋಡಿಕೊಳ್ಳುವ ಸಂಸ್ಥೆ ಸ್ಕಿಲ್ಡ್ ಟ್ರೇಡ್ಸ್ ಒಂಟಾರಿಯೋ ಆ ಅನುಭವ ಒಪ್ಪಿದರೆ ನೇರ ಪರೀಕ್ಷೆಗೇ ಕೂರಬಹುದು. ಇಂಥವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು.

ಕೆಲಸ ಕಲಿಯುವುದು ಮಾತ್ರ ಒದ್ದಾಡಿಯೇ. ಮೊದಲ ಚಳಿಗಾಲ, ಮೈನಸ್ 22, ಒಂದು ಮನೆಯಲ್ಲಿ ಫರ್ನೇಸ್ ಹತ್ತುತ್ತಿಲ್ಲ. ಪ್ರೆಶರ್ ಸ್ವಿಚ್ ಹೋಗಿದೆ, ಅಲ್ಲ ಬೋರ್ಡ್ ಹೋಗಿದೆ ಅಂತ ಒಂದು ಗಂಟೆ ಮೀಟರ್ ಹಿಡಿದು ಕೂತೆ. ಆಮೇಲೆ ಬಂದ ಹಿರಿಯ ಒಳಗೇ ಕಾಲಿಡಲಿಲ್ಲ. ಗೋಡೆಯ ಹೊರಗಿದ್ದ, ಹೊಗೆ ಹೋಗುವ ಬಿಳಿ ಪೈಪಿನ ಬಾಯಿಂದ ಕೈಯಲ್ಲಿ ಹಿಮ ತೋಡಿ ತೆಗೆದ. ಹೊಗೆಗೆ ದಾರಿಯಿದ್ದರೆ ಮಾತ್ರ ಆ ಪ್ರೆಶರ್ ಸ್ವಿಚ್ ಒತ್ತಿಕೊಂಡು ಫರ್ನೇಸ್ ಹತ್ತಲು ಬಿಡುತ್ತದೆ, ಅಷ್ಟೇ. ಅಜ್ಜಿ ಮನೆಯ ಹಂಡೆ ಒಲೆಯಲ್ಲಿ ಹೊಗೆ ತಿರುಗಿ ಬಂದರೆ ಮೊದಲು ಹೊಗೆಗೂಡು ನೋಡುತ್ತಿದ್ದವನು ನಾನು!

ಅಪ್ಪನಿಗೆ ಎರಡು ವರ್ಷ ಈ ಫರ್ನೇಸ್ ಕೆಲಸದ ವಿಷಯ ಹೇಳಲೇ ಇಲ್ಲ, "ಟೆಕ್ನಿಕಲ್ ಕೆಲಸ" ಅಂತಿದ್ದೆ. ದಾವಣಗೆರೆಯಲ್ಲಿ ಪಂಪ್‌ಸೆಟ್ ಮೋಟರ್ ವೈಂಡಿಂಗ್ ಮಾಡಿ ನನ್ನನ್ನು ಬಿಇ ಓದಿಸಿದವರು ಅವರು, ನಾನು ಸ್ಪ್ಯಾನರ್ ಹಿಡಿಯಬಾರದು ಅಂತಲೇ. ಕೊನೆಗೆ ವಿಡಿಯೋ ಕಾಲ್‌ನಲ್ಲಿ ನನ್ನ ಉಗುರಿನ ಕಪ್ಪು ನೋಡಿ ಅವರೇ ಕೇಳಿದರು. ಬೈಯಲಿಲ್ಲ. "ಗ್ರೀಸ್‌ಗೆ ಸೀಮೆಎಣ್ಣೆ ಹಚ್ಚಿ ತೊಳಿ" ಅಂದರು.

ಮೊನ್ನೆ ನಮ್ಮ ಮನೆಯದ್ದೇ ಫರ್ನೇಸ್ ನಿಂತಿತ್ತು. ಮಗಳು ಬೇಸ್‌ಮೆಂಟಿನಲ್ಲಿ ಟಾರ್ಚ್ ಹಿಡಿದಳು. ಬೆಂಕಿ ಹತ್ತಿದೆಯಾ ಅಂತ ಗುರುತಿಸುವ ಫ್ಲೇಮ್ ಸೆನ್ಸರ್ ಬಿಚ್ಚಿ, ಸ್ಟೀಲ್ ಉಣ್ಣೆಯಲ್ಲಿ ಉಜ್ಜಿ ಸಿಕ್ಕಿಸಿದೆ. ನೀಲಿ ಜ್ವಾಲೆ ಸಾಲಾಗಿ ಎದ್ದಿತು. "ನೋಡು, ಉರಿ ಹತ್ತಿತು" ಅಂದೆ. ಅವಳು ಬಾಯಿ ಮುಟ್ಟಿಕೊಂಡು ನನ್ನನ್ನೇ ನೋಡಿದಳು. ಉರಿ ಅಂದರೆ ಅವಳಿಗೆ ಖಾರ ಮಾತ್ರ ಗೊತ್ತು.